ಕರುಣಾಕರನ ಕೈಗೆ ತಕ್ಕ ಭಾರ

ಕಾಪುವಿನ ಕಡಲ ದಡದಲ್ಲಿ ಒಬ್ಬ ಗಂಡಸಿಗೆ ವಯಸ್ಸಾಯಿತೆಂದು ತೀರ್ಮಾನಿಸುವ ಅಧಿಕಾರ ವೈದ್ಯರಿಗೂ ಇಲ್ಲ, ಹೆಂಡತಿಗೂ ಇಲ್ಲ. ಅದು ಕೈರಂಪಣಿಯ ಯಜಮಾನನಿಗೆ ಸೇರಿದ್ದು. ಕರುಣಾಕರನ ವಿಷಯದಲ್ಲಿ ಬೂಬಣ್ಣ ಆ ಅಧಿಕಾರವನ್ನು ಚಲಾಯಿಸಿದ್ದು ಮಳೆಗಾಲ ಹಿಡಿಯುವ ಮೊದಲಿನ ಕೊನೆಯ ಎಳೆತದ ದಿನ, ದಡದಲ್ಲಿದ್ದ ಎಲ್ಲರ ಎದುರು, ಅದೂ ಬಹಳ ಪ್ರೀತಿಯಿಂದ.

ಕೈರಂಪಣಿಯೆಂದರೆ ಎಂಜಿನ್ನಿಗೆ ಕೆಲಸವಿಲ್ಲದ ಮೀನುಗಾರಿಕೆ. ದೋಣಿಯಲ್ಲಿ ಬಲೆ ಒಯ್ದು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಸಾಲಾಗಿ ನಿಂತವರು ಎಳೆಯುತ್ತಾರೆ. ಆ ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದು ಮದುವೆಮನೆಯ ಪಂಕ್ತಿಗಿಂತ ಗಂಭೀರವಾದ ವಿಚಾರ. ಕರುಣಾಕರ ಮೀಸೆ ಮೂಡಿದಂದಿನಿಂದ ತೆಂಕು ಹಗ್ಗದ, ಅಂದರೆ ದಕ್ಷಿಣದ ತುದಿಯ ಹಗ್ಗದ, ಮುಂದಿನ ಸಾಲಿನವನು. ಆ ದಿನ ಅವನ ಬಲಭುಜದಲ್ಲಿ ಏನೋ ಚುಳುಕ್ಕೆಂದಿತು, ಹಗ್ಗ ಜಾರಿತು, ಅವನು ಮರಳಿನಲ್ಲಿ ಕುಳಿತ. ಬೂಬಣ್ಣ ಬಂದು ಬೆನ್ನು ಸವರಿದ.

"ಕರುಣ, ಇನ್ನು ನೀನು ಬಲೆ ನೋಡಿಕೊ ಮಾರಾಯ. ನೆರಳು ಉಂಟು, ಫ್ಯಾನು ಹಾಕಿಸುವ."

ಬಲೆ ನೋಡಿಕೊಳ್ಳುವುದೆಂದರೆ ಶೆಡ್ಡಿನಲ್ಲಿ ಕುಳಿತು ಬಲೆಯ ಹರಿದ ಕಣ್ಣು ಹೊಲಿಯುವುದು. ಕರುಣಾಕರನ ಅಪ್ಪ ಅದನ್ನು ಮಾಡಿದ್ದರು, ಹಲ್ಲೆಲ್ಲ ಬಿದ್ದ ಮೇಲೆ. ಕರುಣಾಕರನಿಗೆ ಇನ್ನೂ ಹಲ್ಲುಗಳಿದ್ದವು. ಆ ರಾತ್ರಿ ಅವುಗಳನ್ನು ಕಡಿಯುತ್ತಾ ಅವನು ನಿರ್ಧರಿಸಿದ: ಮಳೆಗಾಲ ಮುಗಿದು ಮೊದಲ ಬಲೆ ಇಳಿಯುವ ದಿನ ತಾನು ಹಗ್ಗದಲ್ಲಿರಬೇಕು.

ಹೆಂಡತಿ ಸರಸ ಮೀನು ಮಾರುವವಳು. ಅವಳಿಗೆ ಈ ನಿರ್ಧಾರದಲ್ಲಿ ಯಾವ ಚಂದವೂ ಕಾಣಲಿಲ್ಲ.

"ಭುಜ ಹೋದರೆ ಎಣ್ಣೆ ತಿಕ್ಕುವವಳು ನಾನು. ನೆರಳಿನಲ್ಲಿ ಕೂರಲಿಕ್ಕೆ ನಿಮಗೆ ಎಂತ ಕಷ್ಟ?"

"ನಿನಗೆ ಅರ್ಥ ಆಗುವುದಿಲ್ಲ ಮಾರಾಯ್ತಿ. ಹಗ್ಗ ಬಿಟ್ಟವನನ್ನು ದಡದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ."

"ಹಗ್ಗ ಹಿಡಿಯದ ನನ್ನನ್ನು ಈ ಮನೆಯಲ್ಲಿ ಯಾರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ?" ಎಂದು ಅವಳು ಬುಟ್ಟಿ ಎತ್ತಿಕೊಂಡು ಪೇಟೆಗೆ ಹೋದಳು.

ಮಗ ವಿಶಾಲ್ ಮಣಿಪಾಲದ ಕೊರಿಯರ್ ಕಚೇರಿಯಲ್ಲಿ ಕೆಲಸಕ್ಕಿದ್ದು, ಪರ್ಕಳದಲ್ಲಿ ರೂಮು ಮಾಡಿಕೊಂಡವನು. ಜಿಮ್ಮಿಗೆ ಹೋಗುತ್ತಿದ್ದ. ಭಾನುವಾರ ಬರುವಾಗ ಒಂದು ಜೋಡಿ ಡಂಬೆಲ್ ತಂದ. ಎರಡು ತುದಿಯಲ್ಲಿ ದಪ್ಪ, ನಡುವೆ ಸಪೂರ, ಮೇಲೆ ಕಪ್ಪು ರಬ್ಬರು. ಕರುಣಾಕರ ಅವನ್ನು ಹಿಡಿದು ಎತ್ತಿದ. ಭುಜದ ಎತ್ತರಕ್ಕೆ ಬಂದಾಗ ಕೈಗಳು ಅಲ್ಲೇ ನಿಂತವು.

"ಪರವಾಗಿಲ್ಲ ಅಪ್ಪ," ವಿಶಾಲ್ ಸಮಾಧಾನ ಹೇಳಿದ. "ಇದು ನಮ್ಮಲ್ಲಿ ಹೊಸಬರಿಗೆ ಕೊಡುವ ಸೈಜು. ಕಾಲೇಜು ಹುಡುಗಿಯರು ಹದಿನೈದು ದಿನದಲ್ಲಿ ಇದನ್ನು ಬಿಟ್ಟು ದೊಡ್ಡದು ಹಿಡಿಯುತ್ತಾರೆ."

ಆ ಕ್ಷಣದಿಂದ ಕರುಣಾಕರನಿಗೆ ಡಂಬೆಲ್ ಎಂಬ ಸಾಧನದ ಮೂಲದಲ್ಲೇ ದೋಷವಿದೆಯೆಂದು ಮನವರಿಕೆಯಾಯಿತು. ಅದಕ್ಕೆ ಜೀವವಿಲ್ಲ ಎಂದು ಅವನು ವಿವರಿಸಿದ. ಹಗ್ಗ ಮಿಸುಕುತ್ತದೆ, ಅಲೆ ಎಳೆಯುತ್ತದೆ, ಮೀನು ತಿರುಗುತ್ತದೆ. ಕಬ್ಬಿಣ ಸುಮ್ಮನೆ ಇರುತ್ತದೆ. ಸುಮ್ಮನಿರುವುದನ್ನು ಎತ್ತಿ ಕಲಿತವನು ಮಿಸುಕುವುದನ್ನು ಎಳೆಯಲಾರ. ವಿಶಾಲ್ ತಲೆಯಾಡಿಸಿ ಬಸ್ಸು ಹಿಡಿದ. ಡಂಬೆಲ್ ಮಂಚದ ಕೆಳಗೆ ಸೇರಿತು. ಮಳೆ ಶುರುವಾಯಿತು, ಅದರೊಡನೆ ಕರುಣಾಕರನ ಸಂಶೋಧನೆಯೂ.

ಮೊದಲು ನೀರಿನ ದೊಡ್ಡ ಬಾಟಲಿಗಳು. ಒಳಗೆ ನೀರು ಆಚೀಚೆ ಹೊರಳುವುದು ಅವನಿಗೆ ಬಹಳ ಹಿಡಿಸಿತು. ಕಡಲನ್ನೇ ಕೈಯಲ್ಲಿ ಹಿಡಿದ ಹಾಗೆ, ಎಂದ. ಮುಚ್ಚಳ ಸಡಿಲಿದ ದಿನ ಆ ಕಡಲು ಟಿವಿಯ ಹಿಂದೆ ಇಳಿಯಿತು. ಸರಸ ಟಿವಿಯನ್ನು ಅದರ ಮೇಜಿನ ಸಮೇತ ಸರಿಸಿ ಒರೆಸಿದಳು. ಆಮೇಲೆ ಸಿಪ್ಪೆ ಸುಲಿಯದ ತೆಂಗಿನಕಾಯಿಗಳನ್ನು ಜೋಡಿ ಕಟ್ಟಿ ಹಿಡಿದ. ಕಟ್ಟು ಬಿಚ್ಚಿ ಒಂದು ಕಾಯಿ ಅವನ ಹೆಬ್ಬೆರಳಿನ ಮೇಲೆ ಬಿತ್ತು. ಉಳಿದ ಕಾಯಿಗಳನ್ನು ಸರಸ ಎರಡು ಕಂಕುಳಲ್ಲಿ ಹೊತ್ತು ಅಟ್ಟಕ್ಕೆ ಏರಿಸಿದಳು.

ಮೂರನೆಯದು ಅರೆಯುವ ಕಲ್ಲಿನ ಗುಂಡು. ಅದನ್ನು ಅವನು ಎರಡು ಕೈಯಲ್ಲಿ ಅಪ್ಪಿಕೊಂಡು ಹಿತ್ತಿಲಿಗೆ ಒಯ್ದು, ಎದೆಯ ಮಟ್ಟಕ್ಕೆ ಎತ್ತಿ, ಇಳಿಸಿ, ಬೆವರಿ, ಅಲ್ಲೇ ಬಿಟ್ಟು ಬಂದ. ಮಧ್ಯಾಹ್ನ ಸಾರಿಗೆ ಮಸಾಲೆ ಹಾಕಲು ಹೋದ ಸರಸಳಿಗೆ ಕಲ್ಲಿನ ಬರೀ ಗುಂಡಿ ಕಂಡಿತು. (ಮಿಕ್ಸಿ ಇತ್ತು. ಆದರೆ ಮಿಕ್ಸಿಯ ಮಸಾಲೆಯಲ್ಲಿ ಬೂತಾಯಿ ಮೀನಿನ ಸಾರು ಮಾಡಿದರೆ ತಟ್ಟೆ ಸರಿಸಿ ಏಳುವವನು ಕರುಣಾಕರನೇ.)

"ಇವತ್ತು ಮಸಾಲೆ ನಿಮ್ಮ ಭುಜದ ಮೇಲೆ ಅರೆಯುವುದಾ?" ಎಂದು ಕೇಳಿ ಅವಳೇ ಹಿತ್ತಿಲಿಗೆ ಹೋದಳು. ಬರುವಾಗ ಸೊಂಟದ ಮೇಲೆ ಒಂದೇ ಕೈಯಲ್ಲಿ ಗುಂಡು, ಇನ್ನೊಂದು ಕೈಯಲ್ಲಿ ತೊಳೆದ ಮೀನಿನ ಪಾತ್ರೆ. ಕರುಣಾಕರ ಇದನ್ನು ಗಮನಿಸಲಿಲ್ಲ. ಅವನು ಕನ್ನಡಿಯ ಮುಂದೆ ನಿಂತು ತೋಳು ನೋಡಿಕೊಳ್ಳುತ್ತಿದ್ದ. ಮಳೆಗಾಲದುದ್ದಕ್ಕೂ ಹೀಗೇ ನಡೆಯಿತು. ಅವನು ಹೊರಗೆ ಬಿಟ್ಟದ್ದನ್ನೆಲ್ಲ ಅವಳು ಒಳಗೆ ತಂದಿಟ್ಟಳು.

ಕೊನೆಗೆ ಉತ್ತರ ಹೊಳೆದದ್ದು ಶೆಡ್ಡಿನಲ್ಲಿ. ಬಲೆಯ ಮೇಲಂಚಿಗೆ ತೇಲುವ ಬೆಂಡು ಇರುತ್ತದೆ, ಕೆಳಗಿನ ಅಂಚಿಗೆ ಸಾಲಾಗಿ ಸೀಸದ ಗುಂಡುಗಳು. ಸೀಸ ಬಲೆಯನ್ನು ಕಡಲಿನ ನೆಲಕ್ಕೆ ಒತ್ತಿ ಹಿಡಿಯುತ್ತದೆ. ಮಳೆಗಾಲಕ್ಕೆ ಮಾತ್ರ ಎಂದುಕೊಂಡು ಹರಿದ ಕಣ್ಣು ಹೊಲಿಯುತ್ತಿದ್ದ ಕರುಣಾಕರ ಒಂದು ಗುಂಡನ್ನು ಅಂಗೈಯಲ್ಲಿ ಉರುಳಿಸಿದ. ಚಿಕ್ಕದು, ಭಾರ, ತಣ್ಣಗೆ. ಕಡಲನ್ನು ಬಲ್ಲ ಭಾರ. ಬಲೆಯ ನಡುಭಾಗದ ಗುಂಡುಗಳನ್ನೆಲ್ಲ ಅವನು ಬಿಚ್ಚಿಕೊಂಡ, ಬಲೆಯನ್ನು ಆ ಭಾಗ ಒಳಗೆ ಹೋಗುವ ಹಾಗೆ ಮಡಿಸಿದ. ವಿಶಾಲನ ಹಳೆಯ ಜೀನ್ಸಿನ ಎರಡು ಕಾಲು ಕತ್ತರಿಸಿ, ಸೀಸ ತುಂಬಿ, ಬಾಯಿ ಹೊಲಿದ. ಬಲೆ ಹೇಗೂ ಮಳೆ ಮುಗಿಯುವವರೆಗೆ ಮಲಗಿರುತ್ತದೆ. ಅಷ್ಟರೊಳಗೆ ತಿರುಗಿ ಕಟ್ಟಿದರಾಯಿತು.

"ಇದರಲ್ಲಿ ಎಂತ ಉಂಟು?" ಕಸ ಗುಡಿಸುವಾಗ ಅಡ್ಡವಾದ ಚೀಲಗಳನ್ನು ಎತ್ತಿ ಬದಿಗಿಡುತ್ತಾ ಸರಸ ಕೇಳಿದಳು.

"ಮರಳು."

"ಇಷ್ಟು ಭಾರದ ಮರಳು ಯಾವ ಕಡಲಿನದ್ದು?"

ಅವನು ಚೀಲಗಳನ್ನು ಎತ್ತಿಕೊಂಡು ವ್ಯಾಯಾಮಕ್ಕೆ ಹಿತ್ತಿಲಿಗೆ ನಡೆದ. ಚೀಲಗಳು ಕೆಲಸ ಮಾಡಿದವು, ಅಥವಾ ಮಾಡಿದಂತೆ ಕಂಡಿತು. ಭುಜದ ಚುಳುಕು ನಿಂತಿತು. ಅಂಗಿಯ ತೋಳು ಬಿಗಿಯಾಯಿತು. (ಸರಸ ಅದನ್ನು ಬಿಸಿನೀರಿನಲ್ಲಿ ಒಗೆದಿದ್ದಳು.) ಆಗಸ್ಟಿನಲ್ಲಿ ಅವನು ಬೂಬಣ್ಣನ ಮನೆಗೆ ಹೋಗಿ ತುಂಬಿದ ಗ್ಯಾಸ್ ಸಿಲಿಂಡರನ್ನು ಜಗಲಿಯಿಂದ ಅಡಿಗೆಮನೆಗೆ ಒಯ್ದು ತೋರಿಸಿದ.

ಬೂಬಣ್ಣ ಸಿಲಿಂಡರ್ ತುಂಬಿದ್ದು ಹೌದೋ ಎಂದು ಅಲುಗಾಡಿಸಿ ನೋಡಿದ. "ಆಯ್ತು ಕರುಣ. ಮೊದಲ ಬಲೆಗೆ ಬಾ. ನಿನ್ನ ಜಾಗದಲ್ಲೇ ನಿಲ್ಲು. ಆದರೆ ಇನ್ನೊಮ್ಮೆ ಹಗ್ಗ ಬಿಟ್ಟರೆ ಆಮೇಲೆ ನನ್ನನ್ನು ಕೇಳಬಾರದು."

ಮೊದಲ ಬಲೆಯ ದಿನವನ್ನು ನಿಶ್ಚಯಿಸುವುದು ಪಂಚಾಂಗವಾದರೂ ಅದನ್ನು ಮುರಿಯುವ ಹಕ್ಕು ಮೀನಿಗಿದೆ. ನಿಶ್ಚಯಿಸಿದ ದಿನಕ್ಕಿಂತ ಮೊದಲೇ ಒಂದು ಬೆಳಿಗ್ಗೆ ದೀಪಸ್ತಂಭದ ತೆಂಕು ಬದಿಯಲ್ಲಿ ನೀರು ಕಪ್ಪಾಯಿತು. ಬಂಗುಡೆಯ ಹಿಂಡು, ಅದೂ ದಡಕ್ಕೆ ಹತ್ತಿರದಲ್ಲೇ. ಬೂಬಣ್ಣನ ಫೋನು ಬಂದಾಗ ಕರುಣಾಕರ ಚಹಾ ಕುಡಿಯುತ್ತಿದ್ದ. ಲೋಟ ಇಟ್ಟು ಓಡಿದ. ಸೀಸದ ನೆನಪು ಅವನಿಗೆ ಬರಲಿಲ್ಲ. ಇಷ್ಟು ದಿನದಲ್ಲಿ ಅದು ಅವನ ಪಾಲಿಗೆ ಬಲೆಯ ವಸ್ತುವಾಗಿ ಉಳಿದಿರಲಿಲ್ಲ, ವ್ಯಾಯಾಮವಾಗಿತ್ತು.

ಅವಸರದಲ್ಲಿ ಮಡಿಸಿದ ಬಲೆಯನ್ನು ಹಾಗೆಯೇ ಹೇರಿಕೊಂಡು ಹೋದ ದೋಣಿ ಸುತ್ತಿ ಬಂತು. ಹಗ್ಗ ಕೈಗೆ ಬಂತು. ಕರುಣಾಕರ ಹಿಮ್ಮಡಿ ಮರಳಿಗೆ ಊರಿ ಎಳೆದ. ಹಗ್ಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಇನ್ನೊಮ್ಮೆ ಎಳೆದ. ಇನ್ನೂ ಹಗುರ. ಮಳೆಗಾಲದ ತಪಸ್ಸು ಹೀಗೆ ಫಲಿಸುವುದೆಂದು ಅವನೇ ನಂಬಿರಲಿಲ್ಲ.

"ನೀನು ಸ್ವಲ್ಪ ಕೈ ಸಡಿಲ ಬಿಡು ಯಶ್ವಂತ," ಮುಂದೆ ನಿಂತಿದ್ದ ಪಕ್ಕದ ಮನೆಯ ಯುವಕನಿಗೆ ಹೇಳಿದ. "ಹಿಂದೆ ನಾನಿದ್ದೇನೆ."

"ಎಂತ ತಿಂದಿದ್ದೀರಿ ಕರುಣಣ್ಣ?" ಯಶ್ವಂತನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ತಿನ್ನುವುದಲ್ಲ. ಯಾವ ಭಾರ ಎತ್ತಬೇಕು ಎಂಬ ತಿಳಿವಳಿಕೆ ಬೇಕು. ಡಂಬೆಲ್ಲಿನಿಂದ ಇದೆಲ್ಲ ಆಗುವುದಲ್ಲ."

ಬೂಬಣ್ಣನಿಗೆ ಮಾತ್ರ ಸಂಶಯ ಬಂತು. "ಇಷ್ಟು ಹಗುರ ಯಾಕೆ?" ಎಂದು ನೀರಿನೊಳಗೆ ಸೊಂಟದವರೆಗೆ ಇಳಿದ. ಬಲೆ ದಡಕ್ಕೆ ಬಂದಾಗ ಅದರಲ್ಲಿ ಕೆಲವು ಏಡಿಗಳೂ ಒಂದು ಎಡಗಾಲಿನ ಚಪ್ಪಲಿಯೂ ಇದ್ದವು. ಹಿಂಡು ಬಲೆಯ ಅಡಿಯಿಂದ ನುಸುಳಿ ಸ್ವಲ್ಪ ಆಚೆ ಮತ್ತೆ ಕಪ್ಪಾಗಿ ನಿಂತಿತ್ತು. ಬೂಬಣ್ಣ ಬಲೆಯ ನಡುಭಾಗದ ಅಂಚನ್ನು ಎತ್ತಿ ಹಿಡಿದ. ಸೀಸ ಇರಬೇಕಾದಲ್ಲಿ ದಾರದ ತುದಿಗಳು ನೇತಾಡುತ್ತಿದ್ದವು.

"ಈ ಬಲೆ ನೋಡಿಕೊಂಡದ್ದು ಯಾರು?"

ಎಲ್ಲರಿಗೂ ಉತ್ತರ ಗೊತ್ತಿತ್ತು. ಕರುಣಾಕರ ಕಡಲಿನ ಕಡೆ ನೋಡಿದ. ಮೀನು ಕೊಳ್ಳಲು ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರ ನಡುವಿನಿಂದ ಸರಸ ಆ ದಾರದ ತುದಿಗಳನ್ನು ನೋಡಿದಳು, ಆಮೇಲೆ ಗಂಡನ ತೋಳುಗಳನ್ನು.

"ಇವರೇ," ಅವಳು ಮೆಲ್ಲಗೆ ಕೇಳಿದಳು, "ಆ ಮರಳು..."

ಮುಂದೆ ಬೂಬಣ್ಣ ಆಡಿದ ಮಾತುಗಳು ತುಳುವಿನಲ್ಲಿದ್ದವು. ಅವನ್ನು ಅಚ್ಚು ಹಾಕುವ ರೂಢಿ ಇಲ್ಲ. ಅವು ಮುಗಿಯುವುದರೊಳಗೆ ಸರಸ ಮನೆಗೆ ಹೋಗಿ ಬಂದಿದ್ದಳು. ತಲೆಯ ಮೇಲಿನ ಬುಟ್ಟಿಯಲ್ಲಿ ಜೀನ್ಸಿನ ಎರಡು ಕಾಲುಗಳಿದ್ದವು. ಜೊತೆಗೆ, ಕೈಗೆ ಸಿಕ್ಕಿದ್ದೆಂದು, ಮಂಚದ ಕೆಳಗಿನ ಡಂಬೆಲ್ ಜೋಡಿ.

"ಸೀಸವನ್ನು ಒಂದೊಂದಾಗಿ ಕಟ್ಟುವಾಗ ಮೀನು ಮಂಗಳೂರು ಮುಟ್ಟುತ್ತದೆ," ಎಂದ ಬೂಬಣ್ಣ. ಆಮೇಲೆ ಡಂಬೆಲ್ ಒಂದನ್ನು ಎತ್ತಿ ತಿರುಗಿಸಿ ನೋಡಿದ. "ಇದು ಎಂತದು?"

"ಡಂಬೆಲ್," ಯಶ್ವಂತ ಹೇಳಿದ. "ತೋಳಿಗೆ."

"ಸುಳ್ಳು. ನಡುವಿನಲ್ಲಿ ಸಪೂರ ಮಾಡಿದ್ದು ಹಗ್ಗ ಕಟ್ಟಲಿಕ್ಕೇ." ಹೇಳುತ್ತಲೇ ಬಲೆಯ ಅಂಚಿಗೆ ಬಿಗಿದ. ಇನ್ನೊಂದನ್ನೂ, ಎರಡರ ನಡುವೆ ಸೀಸ ತುಂಬಿದ ಜೀನ್ಸಿನ ಕಾಲುಗಳನ್ನೂ ಬಿಗಿದ. ದೋಣಿ ಮತ್ತೆ ಹೊರಟಿತು.

ಈ ಬಾರಿ ಯಾರೂ ಕರುಣಾಕರನನ್ನು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವನು ಹೋಗಿ ತನ್ನ ಜಾಗದಲ್ಲಿ ನಿಂತ. ಬಲೆ ನೆಲ ಹಿಡಿದು ಬರುತ್ತಿತ್ತು. ಒಳಗೆ ಬಂಗುಡೆ ತುಂಬಿತ್ತು. ಹಗ್ಗ ಮಿಸುಕಿತು, ಅಲೆ ಎಳೆಯಿತು, ಮೀನು ತಿರುಗಿತು, ಎಲ್ಲವೂ ಅವನು ಮಗನಿಗೆ ವಿವರಿಸಿದ ಹಾಗೆಯೇ. ಅವನ ಭುಜ ಚುಳುಕ್ಕೆಂದಿತು. ಅವನು ಮರಳಿನಲ್ಲಿ ಕುಳಿತ, ಬಹುತೇಕ ಹಿಂದೆ ಕುಳಿತಿದ್ದ ಜಾಗದಲ್ಲೇ.

ಮುಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ ಬಿದ್ದರೆ ಹಗ್ಗ ವಾಪಸು ಹೋಗುತ್ತದೆ. ಸರಸ ಬುಟ್ಟಿ ಕೆಳಗಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಹಗ್ಗ ಹಿಡಿದಳು. ಹೆಂಗಸರು ಹಗ್ಗ ಹಿಡಿಯುವ ರೂಢಿ ಆ ದಡದಲ್ಲಿ ಇರಲಿಲ್ಲ. ಬೇಡ ಎನ್ನಲು, ತಾನೂ ಹಗ್ಗ ಎಳೆಯುತ್ತಿದ್ದ ಬೂಬಣ್ಣನ ಬಾಯಲ್ಲಿ ಉಸಿರಿರಲಿಲ್ಲ. ಉಸಿರು ಬರುವಷ್ಟರಲ್ಲಿ ಹಗ್ಗ ಇತ್ತ ಬಂದಿತ್ತು, ಬಲೆ ದಡದ ಮೇಲೆ ಬೆಳ್ಳಿಯಂತೆ ಹೊರಳುತ್ತಿತ್ತು.

"ಸರಸಕ್ಕ, ನೀವು ಯಾವ ಜಿಮ್ಮಿಗೆ ಹೋಗುವುದು?" ಯಶ್ವಂತ ಕೇಳಿದ.

"ಎಂತ ಜಿಮ್ಮು ಮಾರಾಯ. ಇವರು ಒಂದು ಸಲ ಎತ್ತಿ ಅಲ್ಲಲ್ಲೇ ಬಿಟ್ಟದ್ದನ್ನೆಲ್ಲ ಎತ್ತಿ ಒಳಗೆ ಇಟ್ಟದ್ದು ನಾನೇ ಅಲ್ವಾ."

ಬೂಬಣ್ಣ ತನ್ನ ತೀರ್ಮಾನವನ್ನು ಅಲ್ಲೇ ಹೇಳಿದ, ಈ ಸಲವೂ ಪ್ರೀತಿಯಿಂದ. ತೆಂಕು ಹಗ್ಗದ ಆ ಜಾಗ ಕರುಣಾಕರನ ಮನೆಯದ್ದು. ಅದು ಆ ಮನೆಯಲ್ಲೇ ಉಳಿಯಲಿ. ಡಂಬೆಲ್ ಬಲೆಯಲ್ಲೇ ಇರಲಿ. ಇದಕ್ಕಿಂತ ದೊಡ್ಡ ಸೈಜು ಸಿಗುತ್ತದೋ ಎಂದು ವಿಶಾಲನನ್ನು ಕೇಳಬೇಕು.

ಈಗ ಕರುಣಾಕರ ಶೆಡ್ಡಿನ ನೆರಳಿನಲ್ಲಿ ಕುಳಿತು ಸೀಸದ ಗುಂಡುಗಳನ್ನು ಒಂದೊಂದಾಗಿ ಕಟ್ಟುತ್ತಾನೆ. ಫ್ಯಾನು ಬಂದಿದೆ. ಬಲೆ ಇಳಿಯುವ ದಿನ, ಹಗ್ಗ ಕೈಗೆ ಬರುವ ಮೊದಲು, ಸರಸ ಮುಂದಿನ ಸಾಲಿನಿಂದಲೇ ಕೂಗಿ ಹೇಳುತ್ತಾಳೆ, ಇಡೀ ದಡಕ್ಕೆ ಕೇಳುವಂತೆ:

"ಇವರೇ, ನಾನು ಬರುವಾಗ ಮಧ್ಯಾಹ್ನ ಆಗುತ್ತದೆ. ಮಸಾಲೆ ನೀವೇ ಅರೆದಿಡಿ. ಗುಂಡು ಕಲ್ಲಿನಲ್ಲೇ ಉಂಟು, ಎತ್ತಲಿಕ್ಕೆ ಹೋಗಬೇಡಿ, ತಿರುಗಿಸಿದರೆ ಸಾಕು."