ನಾಲ್ಕು ತಂತಿಗೆ ಎಷ್ಟು ಬಿಗಿ?

ನಮ್ಮ ದಾವಣಗೆರೆಯಾಗೆ ಯಾರಾದ್ರೂ ಒಂದು ಕೆಲಸ ಮಾಡ್ತಾ ಕೂತಿದ್ರೆ, "ಹಂಗಲ್ಲ, ಹಿಂಗೆ" ಅನ್ನೋರು ತಾವಾಗೇ ಬಂದು ನಿಂತ್ಕೊಳ್ತಾರೆ. ದೋಸೆ ಹಾಕೋನಿಗೆ ಬೆಣ್ಣೆ ಎಲ್ಲಿ ಹಾಕಬೇಕು ಅಂತ ತಿನ್ನಾಕೆ ಬಂದೋರು ಹೇಳ್ತಾರೆ. ಬಸ್ಸು ರಿವರ್ಸ್ ತಗೊಂಡ್ರೆ ಇಡೀ ಸ್ಟ್ಯಾಂಡೇ ಎದ್ದು "ಬಾ, ಬಾ, ಬಾ" ಅಂತೈತೆ. ಇದೆಲ್ಲ ಗೊತ್ತಿದ್ದೂ ನಾನು ಬೇಸ್ ಗಿಟಾರ್ ಕಲಿಯಾಕೆ ಹೋದೆ. ಆವಾಗಿಂದ ದಿನಕ್ಕೊಂದು ನಡೀತಾನೇ ಐತೆ. ಇದನ್ನ ಇಲ್ಲೀತನಕ ಯಾರ ಮುಂದೂ ಹೇಳಿಲ್ಲ. ನಾನು ಮಾತಾಡೋದು ಕಮ್ಮಿ, ಪುಸ್ತಕ ಓದೋದು ಜಾಸ್ತಿ. ಪುಸ್ತಕ ಓದಿದ್ರೆ ಅದು ತಿರುಗಿ ನಮ್ಮನ್ನ ಏನೂ ಕೇಳಲ್ಲ, ಅದಕ್ಕೆ.

೧. ಫಿನಿಶಿಂಗ್

ಗಿಟಾರ್ ಕೊಟ್ಟಿದ್ದು ನಮ್ಮ ಮಾವ, ಅಮ್ಮನ ತಮ್ಮ. ನಮ್ಮ ಮನೆಯಾಗೇ ಇರ್ತಾನೆ. ಕರೂರು ಇಂಡಸ್ಟ್ರಿಯಲ್ ಏರಿಯಾದಾಗ ಲೇತ್ ಮಷೀನ್ ಮೇಲೆ ಕೆಲಸ. ಆರು ತಂತಿ ಗಿಟಾರಿಗಿಂತ ನಾಲ್ಕು ತಂತೀದು ಬೇಗ ಬರ್ತೈತೆ ಅಂತ ಲೆಕ್ಕ ಹಾಕಿ, ತಾನು ಕಲಿಯಾಕೆ ಅಂತ ದಪ್ಪ ದನಿಯ ಬೇಸ್ ತಂದಿದ್ದ.

ಗಿಟಾರಿನ ಕುತ್ತಿಗೆ ಮೇಲೆ ಅಡ್ಡಡ್ಡ ಲೋಹದ ಪಟ್ಟಿ ಇರ್ತಾವಲ್ಲ, ಅವಕ್ಕೆ ಫ್ರೆಟ್ ಅಂತಾರೆ. ಬೆರಳು ಅವುಗಳ ಮಧ್ಯ ಎಲ್ಲಿಟ್ರೂ ಸ್ವರ ಸರಿಯಾಗೇ ಬರ್ತೈತೆ. ಮಾವ ಅವನ್ನೆಲ್ಲ ಇಕ್ಕಳ ಹಾಕಿ ಕಿತ್ತು, ಸಂದಿಗೆ ಮೇಣ ತುಂಬಿ, ಉಪ್ಪು ಕಾಗದದಾಗ ಕನ್ನಡಿ ಹಂಗೆ ತಿಕ್ಕಿಬಿಟ್ಟಿದ್ದ.

"ಯಾಕ ಮಾವ ಕಿತ್ತೆ?"

"ಕಂಪನಿಯೋರು ಫಿನಿಶಿಂಗೇ ಮಾಡಿರ್ಲಿಲ್ಲ ಕಣೇ. ಎಲ್ಲಾ ಕಡೆ ಎದ್ಕೊಂಡಿತ್ತು, ಕೈಗೆ ತಾಗ್ತಿತ್ತು."

ಆಮೇಲೆ ಯಾವ ಸ್ವರ ಎಲ್ಲೈತೆ ಅಂತ ಅವನಿಗೇ ಸಿಗದೆ ನಂಗೆ ಕೊಟ್ಟುಬಿಟ್ಟ. ನಾನು ಹುಡುಕಿ ಹುಡುಕಿ ಓದಿದೆ. ಫ್ರೆಟ್ ಇಲ್ಲದ ಬೇಸ್ ಅಂತ ಒಂದು ಜಾತೀನೇ ಐತಂತೆ, ದೊಡ್ಡ ದೊಡ್ಡೋರು ಅದನ್ನ ಬೇಕಂತಲೇ ನುಡಿಸ್ತಾರಂತೆ. ಬೆರಳು ಎಲ್ಲಿ ಇಡಬೇಕು ಅನ್ನೋದನ್ನ ಕಿವಿನೇ ಹೇಳಬೇಕಂತೆ. ಓಡಿಹೋಗಿ ಮಾವನಿಗೆ ತೋರಿಸಿದೆ.

ಮಾವ ಮೊಬೈಲನ್ನ ದೂರ ಹಿಡಿದು ನೋಡಿ, "ನೋಡು, ಅವರಿಗೂ ಈಗ ಬುದ್ಧಿ ಬಂದೈತೆ" ಅಂದ.

೨. ತೂಕ

ಅಷ್ಟರಾಗ ಒಂದು ಸುದ್ದಿ ಬಂತು. ಹರಿಹರದ ಒಂದು ಆರ್ಕೆಸ್ಟ್ರಾದಾಗ ಬೇಸ್ ನುಡಿಸ್ತಿದ್ದೋನು ಬ್ಯಾಂಕ್ ಪರೀಕ್ಷೆ ಪಾಸಾಗಿ ಹೋದ, ಜಾಗ ಖಾಲಿ. ಆ ಜಾಗ ನಂಗೇ ಬೇಕು ಅನ್ನಿಸ್ತು. ಯಾಕಂದ್ರೆ ಭೂಮಿ ಮೇಲೆ ನಂಗಂತ ಮಾಡಿದ ಜಾಗ ಅದೊಂದೇ. ಬೇಸ್ ನುಡಿಸೋರು ಡ್ರಮ್ಮಿನ ಪಕ್ಕ, ಕತ್ತಲಾಗೆ ನಿಂತಿರ್ತಾರೆ. ಮೈಕ್ ಕೊಡಲ್ಲ, ಹೆಸರು ಕೇಳಲ್ಲ, "ಎರಡು ಮಾತು ಆಡಿ" ಅನ್ನಲ್ಲ. ಆದ್ರೂ ಸ್ಟೇಜ್ ಮೇಲೇ ಇರ್ತೀವಿ.

ಇದ್ದ ತಂತಿ ತುಕ್ಕು ಹಿಡಿದಿದ್ವು. ಹೊಸವು ತರಬೇಕು. ಒಂದು ವಾರ ಓದಿ ನೋಟ್ಸ್ ಮಾಡ್ಕೊಂಡೆ. ತೆಳ್ಳನೆ ತಂತಿಗೆ ಬಿಗಿ ಕಮ್ಮಿ ಸಾಕು, ಬೆರಳಿಗೆ ಹಗುರ, ಆದ್ರೆ ಜುಂಯ್ ಅಂತೈತೆ. ದಪ್ಪನೆ ತಂತಿಯಾಗ ಅದೇ ಸ್ವರ ಬೇಕಂದ್ರೆ ಜಾಸ್ತಿ ಬಿಗೀಬೇಕು, ದನಿ ಗಟ್ಟಿ, ಆದ್ರೆ ಬೆರಳೂ ಹೋಗ್ತೈತೆ, ಗಿಟಾರಿನ ಕುತ್ತಿಗೆನೂ ಬಗ್ತೈತೆ. ನನ್ನಂಥೋರಿಗೆ ತೆಳ್ಳಂದೇ ಸರಿ ಅಂತ ಬರ್ಕೊಂಡು, ಕೆಳಗೆ ಎರಡು ಗೆರೆ ಎಳ್ಕೊಂಡು ಅಂಗಡಿಗೆ ಹೋದೆ.

ನಾನು ಕೇಳಿದ್ದು ಅಂಗಡಿಯೋರಿಗೆ ಮೂರನೇ ಸಲಕ್ಕೆ ಕೇಳಿಸ್ತು.

"ಬೇಸಿನ ತಂತಿನಾ? ಲೈಟೂ ಐತೆ, ಹೆವಿನೂ ಐತೆ" ಅಂತ ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು, ಬಳೆಗಾರ ಕೈ ನೋಡ್ತಾನಲ್ಲ ಹಂಗೆ. "ನೀವು ಭಾಳ ಸಣ್ಣಕ್ಕಿದೀರಿ. ಹೆವಿ ತಗೊಳ್ರಿ, ತೂಕ ಬರ್ತೈತೆ."

ಬ್ಯಾಡ ಅನ್ನಾಕೆ ಬಾಯಿ ತೆಗೆದೆ. ಅಷ್ಟರಾಗ ಅವರು ಕವರ್ ಹರಿದಿದ್ರು. ಕವರ್ ಹರಿದ ಮೇಲೆ ಬ್ಯಾಡ ಅನ್ನೋದು ನನ್ನ ಕೈಯಾಗ ಆಗೋ ಕೆಲಸ ಅಲ್ಲ.

"ಸರಿ ಹೋಗ್ಲಿಲ್ಲ ಅಂದ್ರೆ ತಗೊಂಡು ಬರ್ರಿ" ಅಂದ್ರು.

"ಬದಲಾಯಿಸಿ ಕೊಡ್ತೀರಾ?"

"ಇಲ್ಲ ಇಲ್ಲ. ಯಾಕ ಸರಿ ಹೋಗ್ಲಿಲ್ಲ ಅಂತ ನಂಗೂ ಗೊತ್ತಾಗ್ತೈತಲ್ಲ."

೩. ಮಿಲ್ಲಿನ ಹೆಬ್ಬೆರಳು

ಹೆವಿ ತಂತಿ ಹಾಕಿದೆ. ಎರಡೇ ದಿನಕ್ಕೆ ಗಿಟಾರಿನ ಕುತ್ತಿಗೆ ಬಿಲ್ಲಿನ ಹಂಗೆ ಬಗ್ಗಿ, ತಂತಿ ಮೇಲೆದ್ದು ನಿಂತ್ವು. ತಂತಿ ಒತ್ತಬೇಕಂದ್ರೆ ಬೋರ್‌ವೆಲ್ ಹೊಡೆದಂಗೆ ಒತ್ತಬೇಕು. ಬೆರಳ ತುದೀಲಿ ಬೊಬ್ಬೆ.

ನಮ್ಮ ಅಜ್ಜ ಹತ್ತಿ ಮಿಲ್ಲಿನಾಗ ನೂಲಿನ ಮಷೀನ್ ನೋಡ್ಕೊಳ್ತಿದ್ದೋನು. ಮಿಲ್ ಮುಚ್ಚಿ ಯಾವ ಕಾಲ ಆಯ್ತೋ, ಅವನ ಹೆಬ್ಬೆರಳು ಮಾತ್ರ ಇನ್ನೂ ಡ್ಯೂಟಿ ಮೇಲೈತೆ. ಬಟ್ಟೆ ಒಣಗಿಸೋ ಹಗ್ಗ ಆಗ್ಲಿ, ಮಂಚದ ಪಟ್ಟಿ ಆಗ್ಲಿ, ಮುಟ್ಟಿ ನೋಡಿ ಪಾಸೋ ಫೇಲೋ ಹೇಳ್ದೆ ಮುಂದೆ ಹೋಗಲ್ಲ. ಗಿಟಾರಿನ ತಂತೀನೂ ಒಂದ್ಸಲ ಒತ್ತಿ ನೋಡಿದ.

"ಇದು ಬಿಗಿನಾ? ಹಿಂಗಿದ್ರೆ ನಮ್ಮ ಸೂಪರ್‌ವೈಸರ್ ಮನೆಗೆ ಕಳಿಸ್ತಿದ್ದ. ಇನ್ನೂ ಎಳಿ."

"ಅಜ್ಜಾ, ಕುತ್ತಿಗೆ ಆಗ್ಲೇ ಬಗ್ಗೈತೆ."

"ಬಗ್ಗಲಿ ಬಿಡು. ಮೂವತ್ತು ವರ್ಷ ಮಾಡಿದ ಮೇಲೆ ನಂದೂ ಬಗ್ಗೈತೆ. ನಾನೇನು ಕೆಲಸ ಬಿಟ್ಟಿದ್ನಾ?"

೪. ಐದು ಮಾರ್ಕಿನ ಪ್ರಶ್ನೆ

ಮನೆಯೋರನ್ನ ಕೇಳಿದ್ರೆ ಆಗಲ್ಲ, ವಿಜ್ಞಾನನೇ ಕೇಳೋಣ ಅಂತ ಕಾಲೇಜಿನ ಫಿಸಿಕ್ಸ್ ಸರ್ ಹತ್ರ ಹೋದೆ. ಬಾಯಿಬಿಟ್ಟು ಕೇಳಾಕೆ ನಾಚಿಕೆ. "ಬೇಸ್ ಗಿಟಾರಿನ ತಂತಿ ಎಷ್ಟು ಬಿಗಿ ಇರಬೇಕು?" ಅಂತ ಚೀಟಿ ಬರೆದು ಟೇಬಲ್ ಮೇಲಿಟ್ಟು ಬಂದೆ. ಸರ್ ಅದನ್ನ ಇಡೀ ಕ್ಲಾಸಿಗೆ ಓದಿ, "ಯಾರಿದು? ಎದ್ದು ನಿಲ್ಲು" ಅಂದ್ರು. ಅವತ್ತೇ ನೆಲ ಬಾಯಿಬಿಟ್ಟು ನನ್ನ ನುಂಗಿದ್ರೆ ಈ ಕಥೆ ಇಲ್ಲಿಗೇ ಮುಗೀತಿತ್ತು.

ಸರ್ ಬೋರ್ಡ್ ಮೇಲೆ ಗಿಟಾರ್ ಬಿಡಿಸಿದ್ರು. ಅದು ಸೌತೆಕಾಯಿ ಹಂಗಿತ್ತು.

"ಮೊದಲು, ಕುತ್ತಿಗೆ ಬಗ್ಗಲ್ಲ ಅಂತ ಇಟ್ಕೊಳ್ಳೋಣ."

"ಸರ್... ಆಗ್ಲೇ ಬಗ್ಗೈತೆ."

"ಇಟ್ಕೊಳ್ಳೋಣ ಅಂದೆ. ಎರಡನೇದು, ತಂತಿ ಒತ್ತಾಕೆ ಬಲನೇ ಬೇಕಾಗಲ್ಲ ಅಂತ ಇಟ್ಕೊಳ್ಳೋಣ."

ನಾನು ಬೊಬ್ಬೆ ಬಂದ ಬೆರಳು ತೋರಿಸಿದೆ. ಸರ್ ಹತ್ರ ಬಂದು, ಕನ್ನಡಕ ಏರಿಸಿ, ಬೆರಳನ್ನ ಚೆನ್ನಾಗಿ ನೋಡಿದ್ರು.

"ಅದು ಸಿಲಬಸ್ಸಿನಾಗ ಇಲ್ಲ, ಕೂತ್ಕೋ" ಅಂದ್ರು. "ಎಲ್ರೂ ಬರ್ಕೊಳ್ರಿ, ಐದು ಮಾರ್ಕಿಗೆ ಬರ್ತೈತೆ."

೫. ತಾಗಬೇಕು, ಬೀಳಬಾರದು

ಹರಿಹರದಾಗ ಬಸ್ ಸ್ಟ್ಯಾಂಡ್ ಹಿಂದಿನ ಒಂದು ರೂಮಿನಾಗ ಆರ್ಕೆಸ್ಟ್ರಾದೋರು ಪ್ರಾಕ್ಟೀಸ್ ಮಾಡ್ತಾರೆ. ಗಿಟಾರ್ ಹೊತ್ಕೊಂಡು ಜಾಗ ಕೇಳಾಕೆ ಅಲ್ಲಿಗೆ ಹೋದೆ. ಆರ್ಕೆಸ್ಟ್ರಾ ಮಾಸ್ತರು ನನ್ನ ತಂತಿ ಮೇಲೆ ಬೆರಳಿಟ್ಟು ತಟ್ಟನೆ ಕೈ ಹಿಂದಕ್ಕೆ ತಗೊಂಡ್ರು.

"ಏನವ್ವಾ ಇದು, ಗಿಟಾರೋ ಕರೆಂಟ್ ಕಂಬಾನೋ?"

ಬ್ಯಾಂಕಿಗೆ ಹೋದೋನು ತೆಳ್ಳನೆ ನುಣುಪು ತಂತಿ ಒಂದು ಸೆಟ್ ಬಿಟ್ಟು ಹೋಗಿದ್ದ. ಅದನ್ನೇ ಹಾಕಿ ಕೊಟ್ರು. ಬೆರಳು ಬೆಣ್ಣೆ ಮೇಲೆ ಹೋದಂಗೆ ಹೋಯ್ತು. ನಂಗೆ ಅಳು ಬರೋದೊಂದು ಬಾಕಿ.

"ಬೇಸ್ ಅಂದ್ರೆ ಏನು ಗೊತ್ತೈತಾ? ಊಟಕ್ಕೆ ಕೂತೋರ ಎದೆಗೆ ತಾಗಬೇಕು, ಕಿವಿಗೆ ಬೀಳಬಾರದು."

"ಎಷ್ಟು ಬಿಗಿ ಇಟ್ಕೊಳ್ಳಲಿ ಸರ್?"

"ತಾಗೋವಷ್ಟು."

"ಅಂದ್ರೆ ಎಷ್ಟು ಸರ್?"

"ಬೀಳದಷ್ಟು."

ಅಲ್ಲಿಗೆ ಪಾಠ ಮುಗೀತು. "ಭಾನುವಾರ ಇಲ್ಲೇ ಒಂದು ರಿಸೆಪ್ಷನ್ ಐತೆ. ಅವತ್ತು ಸರಿಯಾಗಿ ಬಂದ್ರೆ ಜಾಗ ನಿಂದೇ. ಇಲ್ಲಾಂದ್ರೆ ಕೀಬೋರ್ಡಿನಾಗೇ ಬೇಸ್ ಒತ್ತಿಸ್ಕೊಳ್ತೀನಿ. ಅದಕ್ಕೆ ಬಿಗಿ ಸಡಿಲ ಏನೂ ಇಲ್ಲ, ಊಟಾನೂ ಕೇಳಲ್ಲ" ಅಂದ್ರು.

೬. ಅದೇ ಬಿಗಿ

ಭಾನುವಾರ ಬೆಳಿಗ್ಗೆ ಎದ್ದು, ಮೊಬೈಲಿನಾಗ ಶ್ರುತಿ ನೋಡ್ಕೊಂಡು ನಾಲ್ಕೂ ತಂತಿ ಕೂದಲೆಳೆ ಹೆಚ್ಚೂಕಮ್ಮಿ ಆಗದಂಗೆ ಇಟ್ಟೆ. ಗಿಟಾರನ್ನ ಮಂಚದ ಮೇಲೆ ಮಲಗಿಸಿ ಸ್ನಾನಕ್ಕೆ ಹೋದೆ. ತಲೆಗೆ ಹಾಕ್ಕೊಂಡಿದ್ದೆ, ಸ್ವಲ್ಪ ಹೊತ್ತಾಯ್ತು. ಅಷ್ಟೇ ನಾನು ಮಾಡಿದ ತಪ್ಪು.

ಮನೆಯೋರೆಲ್ಲ ಹರಿಹರಕ್ಕೆ ನನ್ನ ಜೊತೇನೇ ಬಂದ್ರು, ಮಾಸ್ತರೇ ಕರೆದಿದ್ರು. ಸ್ಟೇಜ್ ಹತ್ತಿ ವೈರ್ ಸಿಗಿಸಿ ಒಂದು ತಂತಿ ಮೀಟಿದ್ರೆ, ಅಯ್ಯೋ, ಏನೋ ಹೆಚ್ಚು! ಇನ್ನೊಂದು ಮೀಟಿದೆ, ಏನೋ ಕಮ್ಮಿ! ಎಲ್ಲಕ್ಕಿಂತ ಸಣ್ಣದು ಸೆಗಣಿ ಮೇಲೆ ಕಾಲಿಟ್ಟಂಗೆ ಪಚಕ್ ಅಂತು. ಉಳಿದದ್ದೊಂದೇ ನಾನಿಟ್ಟಂಗೆ ಇತ್ತು. ಶ್ರುತಿ ನೋಡೋ ಮೊಬೈಲ್ ಅಮ್ಮನ ಬ್ಯಾಗಿನಾಗ, ಅಮ್ಮ ಊಟದ ಹಾಲಿನಾಗ. "ಸರ್, ಒಂದು ನಿಮಿಷ" ಅಂದಿದ್ರೆ ಮುಗೀತಿತ್ತು. ಆ ಮೂರು ಮಾತು ನನ್ನ ಗಂಟಲಿನಾಗ ಕ್ಯೂ ನಿಂತಿದ್ವು, ಅಷ್ಟರಾಗ ಮಾಸ್ತರು "ಒನ್, ಟೂ, ತ್ರೀ" ಅಂದುಬಿಟ್ರು.

ನನ್ನ ಉಳಿಸಿದ್ದು ಮಾವನ ಇಕ್ಕಳ. ಫ್ರೆಟ್ ಇದ್ದಿದ್ರೆ ತಪ್ಪು ಸ್ವರಾನೇ ಗ್ಯಾರಂಟಿಯಾಗಿ ಬರ್ತಿತ್ತು. ಇಲ್ಲಿ ಗೆರೆನೂ ಇಲ್ಲ, ಗೇಟೂ ಇಲ್ಲ. ಬೆರಳನ್ನ ಒಂಚೂರು ಹಿಂದೆ, ಒಂಚೂರು ಮುಂದೆ ಜಾರಿಸಿ ಜಾರಿಸಿ ಸ್ವರ ಹುಡುಕ್ದೆ. ಕಳೆದುಹೋದ ಚಪ್ಪಲಿ ಹುಡುಕೋರ ಹಂಗೆ ಎರಡು ಗಂಟೆ ಆ ಕುತ್ತಿಗೆ ಮೇಲೆಲ್ಲ ಓಡಾಡಿದೆ. ಪ್ರತಿ ಸ್ವರಾನೂ ಎಲ್ಲಿಂದಲೋ ಎದ್ದು, ಬಳುಕಿ, ಬಂದು ಕೂಡ್ತಿತ್ತು. ಇನ್ನು ನನ್ನ ಕಥೆ ಮುಗೀತು, ಇಲ್ಲಿಂದ ಸೀದಾ ಕೀಬೋರ್ಡಿಗೇ ಜಾಗ ಅಂತ ತಲೆ ತಗ್ಗಿಸ್ಕೊಂಡೇ ನುಡಿಸ್ದೆ.

ಮುಗಿದ ಕೂಡಲೇ, ಕುತ್ತಿಗೆ ಮತ್ತೆ ಬಗ್ಗಬಾರದು ಅಂತ ನಾಲ್ಕೂ ತಂತಿ ಸಡಿಲ ಮಾಡಿ ಗಿಟಾರನ್ನ ಚೀಲಕ್ಕೆ ಹಾಕ್ದೆ. ಆಮೇಲೆ ಮಾಸ್ತರು ಬಂದ್ರು. ಕಣ್ಣು ದೊಡ್ಡದು ಮಾಡಿದ್ರು.

"ಏನವ್ವಾ ಅದು ಜಾರು! ಬ್ಯಾಂಕಿಗೆ ಹೋದೋನು ಹತ್ತು ವರ್ಷ ನುಡಿಸಿದ್ರೂ ಹಿಂಗೆ ಬಳುಕಿರ್ಲಿಲ್ಲ. ಹೆಣ್ಣಿನ ತಂದೆ ಊಟ ಬಿಟ್ಟು ಎದ್ದು ಬಂದು ಕೇಳಿದ್ರು, ಅದು ಯಾವ ವಾದ್ಯ ಅಂತ. ಜಾಗ ನಿಂದೇ. ಬರೋ ಭಾನುವಾರ ಮಲೆಬೆನ್ನೂರಾಗೆ ಪ್ರೋಗ್ರಾಂ. ಆದ್ರೆ ಒಂದು ಮಾತು. ಇವತ್ತು ಇತ್ತಲ್ಲ ತಂತಿ ಬಿಗಿ, ಅದೇ ಇರಬೇಕು. ಒಂದು ಕೂದಲೆಳೆ ಆಚೆ ಈಚೆ ಆದ್ರೂ ನಂಗೆ ಬ್ಯಾಡ."

ಜಾಗ ಸಿಕ್ಕಿದ ಖುಷಿಯಾಗ ಬಸ್ಸಿನಾಗ ವಾಪಸ್ ಬರೋವಾಗ್ಲೇ ಕೇಳಿದೆ. "ಬೆಳಿಗ್ಗೆ ನನ್ನ ಗಿಟಾರ್ ಯಾರು ಮುಟ್ಟಿದ್ರಿ?"

"ನಾನ್ಯಾಕ ಮುಟ್ಟಲಿ?" ಅಂದ ಅಜ್ಜ.

"ನಂಗೇನು ಬೇರೆ ಕೆಲಸ ಇಲ್ವಾ?" ಅಂದ ಮಾವ.

"ಅದನ್ನ ಕಂಡ್ರೇ ನಂಗೆ ಆಗಲ್ಲ" ಅಂದ್ಳು ಅಮ್ಮ.

"ಅಲ್ಲ, ಮಾಸ್ತರು ಅದೇ ಬಿಗಿ ಭಾಳ ಚೆನ್ನಾಗಿತ್ತು ಅಂದ್ರು."

ಅಜ್ಜ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದ. "ಆ ದಪ್ಪಂದು ನಾನು ಎಳೆದದ್ದು. ಹೆಬ್ಬೆರಳಿಗೆ ಸಡಿಲ ಅನ್ನಿಸ್ತು."

ಮಾವ, "ಅದರ ಪಕ್ಕದ್ದು ನಂದು. ಅರ್ಧ ಸುತ್ತು ಬಿಟ್ಟೆ. ಜಾಸ್ತಿ ಟೈಟ್ ಮಾಡಿದ್ರೆ ಯಾವ ಬೋಲ್ಟೂ ಉಳಿಯಲ್ಲ" ಅಂದ.

ಅಮ್ಮ ಸೆರಗು ಸರಿ ಮಾಡ್ಕೊಂಡ್ಳು. "ಸಣ್ಣದು ಪಟ್ಟಂತ ಹರಿದು ನಿನ್ನ ಕಣ್ಣಿಗೆ ಹೊಡೆದ್ರೆ ಏನು ಗತಿ? ಅದಕ್ಕೇ ಒಂಚೂರು ಸಡಿಲ ಬಿಟ್ಟೆ."

"ಎಷ್ಟು ತಿರುವಿದ್ರಿ? ಕರೆಕ್ಟಾಗಿ ಹೇಳ್ರಿ, ಬರ್ಕೊಳ್ತೀನಿ" ಅಂತ ನೋಟ್‌ಬುಕ್ ತೆಗೆದೆ.

"ಸಾಕಾಗೋವಷ್ಟು" ಅಂದ ಅಜ್ಜ. ಮಾವ ಗಾಳಿಯಾಗ ಕೈ ತಿರುವಿ ತೋರಿಸ್ದ, ಎರಡು ಸಲ ತೋರಿಸಿದ್ರೆ ಎರಡು ತರ. ಅಮ್ಮ "ಉಪ್ಪು ಹಾಕಿದಂಗೆ, ಅಂದಾಜಿನ ಮೇಲೆ" ಅಂದ್ಳು. ಆಮೇಲೆ ಇಡೀ ವಾರ ಎದುರಿಗೆ ಕೂಡ್ರಿಸಿ ತಿರುವಿಸಿ ನೋಡಿದೆ. ನಾನು ನೋಡ್ತಾ ಇದ್ರೆ ಮೂವರಿಗೂ ಕೈಯೇ ಬರ್ಲಿಲ್ಲ.

ಕೊನೆಗೆ ಭಾನುವಾರ ಬೆಳಿಗ್ಗೆ ಗಿಟಾರನ್ನ ಶ್ರುತಿ ಮಾಡಿ ತಂದು ಮಂಚದ ಮೇಲೆ ಮಲಗಿಸ್ದೆ. ಜೀವಮಾನದಾಗ ಮೊದಲನೇ ಸಲ, ಬೀದಿಗೆಲ್ಲ ಕೇಳೋ ಹಂಗೆ ಕೂಗಿ ಹೇಳ್ದೆ:

"ನಾನು ಸ್ನಾನಕ್ಕೆ ಹೋಗ್ತಿದೀನಿ! ತಲೆಗೆ ಹಾಕ್ಕೊಳ್ತೀನಿ, ಹೊತ್ತಾಗ್ತೈತೆ! ಯಾರೂ ಗಿಟಾರ್ ಮುಟ್ಟಬ್ಯಾಡ್ರಿ!"