ಕೈಯಾಡಿಸದೆ ಕೆರೆ ದಾಟಿದ ಪ್ರಕರಣ

ಯಂತ್ರವಿಲ್ಲದ ದೋಣಿಯು ದೋಣಿಯಲ್ಲ, ಅದೊಂದು ತೇಲುವ ವಸ್ತು ಎಂದು ಜಲಸಂಚಾರ ನಿಯಂತ್ರಣ ಕಚೇರಿಯ ನಿಯಮಾವಳಿಯ ನಾಲ್ಕನೇ ಕಲಮು ಯಾವ ಗೊಂದಲಕ್ಕೂ ಎಡೆಯಿಲ್ಲದಂತೆ ಹೇಳುತ್ತದೆ. ತೇಲುವ ವಸ್ತುವಿಗೆ ಪರವಾನಗಿ ಬೇಕಿಲ್ಲ. ಒಣ ಎಲೆ, ಬಾಟಲಿಯ ಬಿರಡೆ, ಬಾತುಕೋಳಿ ಮತ್ತು ಹುಟ್ಟು ಹಾಕಿಕೊಂಡು ಹೋಗುವ ಮನುಷ್ಯ, ಈ ನಾಲ್ವರೂ ಕಚೇರಿಯ ದೃಷ್ಟಿಯಲ್ಲಿ ಸಮಾನರು. ಹನ್ನೊಂದು ವರ್ಷಗಳ ಕಾಲ ಹೂಂ ಅಣ್ಣನವರು ಈ ಸಮಾನತೆಯನ್ನು ನೆಮ್ಮದಿಯಾಗಿ ಅನುಭವಿಸಿದ್ದರು.

ಹೂಂ ಅಣ್ಣನವರದು ಪೇಟೆಬೀದಿಯಲ್ಲಿ ಎರಡು ಕುರ್ಚಿಯ ಕಟಿಂಗ್ ಶಾಪು. ಅವರ ನಿಜವಾದ ಹೆಸರು ಗೋಡೆಯ ಮೇಲಿನ ಪ್ರಮಾಣಪತ್ರದಲ್ಲಿದೆ. ಅದರ ಮೇಲೆ ಕ್ಯಾಲೆಂಡರು ನೇತುಹಾಕಿರುವುದರಿಂದ ಯಾರಿಗೂ ಕಾಣಿಸುವುದಿಲ್ಲ. ಅವರ ಕೈಗೆ ತಲೆ ಕೊಟ್ಟವರೆಲ್ಲ ಅವರ ತಲೆ ತಿಂದೇ ಎದ್ದು ಹೋಗುತ್ತಿದ್ದರು. ಒಬ್ಬರು ಮೂತ್ರಕೋಶದ ಕಲ್ಲಿನ ಗಾತ್ರವನ್ನು ಬೆರಳಲ್ಲಿ ತೋರಿಸುವರು, ಇನ್ನೊಬ್ಬರು ಪಕ್ಕದ ಮನೆಯವನ ಕಾಂಪೌಂಡು ತಮ್ಮ ಕಡೆ ಎಷ್ಟು ಇಂಚು ಸರಿದಿದೆಯೆಂದು ವಿವರಿಸುವರು. ಎಲ್ಲದಕ್ಕೂ ಹೂಂ ಅಣ್ಣ ಕತ್ತರಿಯ ತಾಳಕ್ಕೆ ಸರಿಯಾಗಿ "ಹೂಂ" ಅನ್ನುವರು. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಅಭ್ಯಾಸಬಲದಿಂದ ಗಂಟಲು ತಾನಾಗಿ ಅಂದುಬಿಡುತ್ತಿತ್ತು.

ಆರು ದಿನ ಹೀಗೆ ಕಳೆದ ಮೇಲೆ ಏಳನೇ ದಿನ ಅವರಿಗೆ ಬೇಕಾಗಿದ್ದದ್ದು ಒಂದೇ: ಯಾರೂ ಮಾತಾಡದ ಜಾಗ. ಆ ಜಾಗ ದೊಡ್ಡ ಕೆರೆಯ ಆಚೆ ದಡದ ಜೊಂಡಿನ ಮಗ್ಗುಲಲ್ಲಿತ್ತು. ಒಬ್ಬರೇ ಕಾಲು ಚಾಚಿ ಕೂರುವಂಥ ಕಯಾಕೆಂಬ ಪುಟ್ಟ ದೋಣಿಯಲ್ಲಿ ಮುಕ್ಕಾಲು ಗಂಟೆ ಹುಟ್ಟು ಹಾಕಿದರೆ ಅಲ್ಲಿಗೆ ತಲುಪಬಹುದಿತ್ತು. ಅಲ್ಲಿ ಗಾಳ ಇಳಿಬಿಟ್ಟು ಸಂಜೆಯವರೆಗೆ ಕೂರುವರು. ಮೀನು ಸಿಕ್ಕರೂ ಸಂತೋಷ, ಸಿಗದಿದ್ದರೂ ಸಂತೋಷ. ಮೀನಿಗೆ ಮಾತು ಬರುವುದಿಲ್ಲವಲ್ಲ ಎಂಬುದೇ ದೊಡ್ಡ ಸಂತೋಷ.

ಇಂಥ ಸುಖಕ್ಕೆ ಬಲಭುಜ ಕಲ್ಲು ಹಾಕಿತು. ಕತ್ತರಿ ಎತ್ತಿ ಹಿಡಿದೂ ಹಿಡಿದೂ ಕೀಲು ಸವೆದಿತ್ತು. ಡಾಕ್ಟರು ಭುಜವನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಕತ್ತರಿ, ಹುಟ್ಟು, ಎರಡರಲ್ಲಿ ಒಂದು ಬಿಡ್ಬೇಕು. ಕತ್ತರಿ ಬಿಟ್ರೆ ನನ್ನ ತಲೆ ನೋಡೋರು ಯಾರು? ಹುಟ್ಟು ಬಿಟ್ಬಿಡಿ."

ಮೂರು ಭಾನುವಾರ ಹೂಂ ಅಣ್ಣ ಮನೆಯಲ್ಲೇ ಕೂತರು. ನಾಲ್ಕನೆಯದರ ಹೊತ್ತಿಗೆ ಅವರು ಕುಕ್ಕರಿನ ಸೀಟಿಗೂ ಹೂಂ ಅನ್ನತೊಡಗಿದ್ದನ್ನು ಹೆಂಡತಿ ಕಂಡಳು. ಎಲೆಕ್ಟ್ರಿಷಿಯನ್ ಆಗಿದ್ದ ತನ್ನ ತಮ್ಮನನ್ನು ಕರೆಸಿದಳು.

"ನಿಮ್ಮ ಭಾವ ಕೈ ಆಡಿಸ್ದೆ ಆಚೆ ದಡಕ್ಕೆ ಹೋಗೋ ಹಾಗೆ ಏನಾದ್ರೂ ಮಾಡೋ. ಹೀಗೇ ಬಿಟ್ರೆ ಇವರು ನನ್ನ ಕೈಗೆ ಸಿಗಲ್ಲ."

ಬಾಮೈದ ಮಾತಿನ ಮಲ್ಲ, ಆದರೆ ಕೆಲಸದಲ್ಲಿ ಎತ್ತಿದ ಕೈ. ಗಾಳ ಹಾಕುವವರಿಗೆಂದೇ ಮಾಡಿದ ಚಿಕ್ಕ ವಿದ್ಯುತ್ ಟ್ರೋಲಿಂಗ್ ಮೋಟಾರೊಂದನ್ನು ತರಿಸಿದ. ಕಯಾಕಿನ ಹಿಂಬದಿಗೆ ಅಡ್ಡಲಾಗಿ ಒಂದು ಹಲಗೆ ಕೂರಿಸಿ, ಬೋಲ್ಟುಗಳ ಕೆಳಗೆ ನೀರು ಜಿನುಗದಂತೆ ರಬ್ಬರ್ ವಾಷರ್ ಹಾಕಿ, ಮೋಟಾರನ್ನು ಅದಕ್ಕೆ ಬಿಗಿದ. ಬ್ಯಾಟರಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮೊದಲು ಆಸನದ ಹಿಂದೆ ಕಟ್ಟಿದ. ಹಿಂಭಾಗ ಮುಳುಗಿ ಮೂತಿ ಮೇಲೆದ್ದಿತು. ಆಮೇಲೆ ಅದನ್ನು ಕಾಲಿನ ಮುಂದಕ್ಕೆ ತಂದು, ವೈರನ್ನು ಅಂಚಿನುದ್ದಕ್ಕೂ ಕ್ಲಿಪ್ಪು ಹಾಕಿ ಎಳೆದ. ಇಷ್ಟೆಲ್ಲ ಮಾಡುವಾಗ ಅವನು ಆಡಿದ ಮಾತನ್ನು ಇಲ್ಲಿ ಕೊಡಲು ಜಾಗವಿಲ್ಲ.

ಆ ಭಾನುವಾರ ಹೂಂ ಅಣ್ಣ ಹಿಡಿಕೆಯನ್ನು ತುಸು ತಿರುಗಿಸಿದರು. ಕಯಾಕು ಸದ್ದೇ ಇಲ್ಲದೆ ಹೊರಟಿತು. ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ಅವರು ಕೆರೆ ದಾಟಿದರು. ಜೊಂಡಿನ ಪಕ್ಕ ಮೋಟಾರು ನಿಲ್ಲಿಸಿದಾಗ, ನಿಲ್ಲಿಸಿದ್ದಕ್ಕೂ ನಿಲ್ಲಿಸದಿದ್ದುದಕ್ಕೂ ಕಿವಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಅವರಿಗೆ ಕಣ್ಣು ತುಂಬಿ ಬಂತು. ಇನ್ನು ಇಪ್ಪತ್ತು ವರ್ಷ ಬದುಕಬಹುದು ಅನ್ನಿಸಿತು.

ಸೋಮವಾರ ಬೆಳಿಗ್ಗೆ, ಕೈಯಾಡಿಸದೆ ವ್ಯಕ್ತಿಯೊಬ್ಬರು ಕೆರೆಯ ಮೇಲೆ ಮುಂದೆ ಮುಂದೆ ಹೋಗುತ್ತಿದ್ದರೆಂದು ಸಾರ್ವಜನಿಕರಿಂದ ಕಚೇರಿಗೆ ಮಾಹಿತಿ ಬಂದಿತು.

ಮಂಗಳವಾರ ಕಚೇರಿಯ ಜಲಯಾನ ತಪಾಸಣಾಧಿಕಾರಿಗಳು ಕಟಿಂಗ್ ಶಾಪಿಗೆ ಬಂದರು. ಕರ್ತವ್ಯದ ಮೇಲೆ ಬಂದಿದ್ದರೂ, ಬಂದಿದ್ದೇ ಬಂದೆನಲ್ಲ ಎಂದು ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡರು. ಬಟ್ಟೆಯ ಅಡಿಯಿಂದ ನಿಯಮಾವಳಿಯ ಪುಸ್ತಕ ತೆಗೆದು ಓದತೊಡಗಿದರು.

"ಮೋಟಾರು ಕೂರಿಸಿದ ಕ್ಷಣದಿಂದ ಅದು ಯಾಂತ್ರಿಕ ನೌಕೆ. ಗೊತ್ತಲ್ಲ?"

"ಹೂಂ."

"ನೌಕೆ ಅಂದ್ಮೇಲೆ ಒಬ್ಬ ಕಪ್ತಾನ, ಒಬ್ಬ ಮುಖ್ಯ ಎಂಜಿನಿಯರು, ಒಬ್ಬ ದೂರವೀಕ್ಷಕ ಇರ್ಲೇಬೇಕು. ಒಪ್ಪಿಗೆಯಾ?"

"ಹೂಂ."

"ನಿಮ್ದು ಒಂದೇ ಸೀಟು. ಹಾಗಾಗಿ ಸಿಬ್ಬಂದಿಗೆ ಹಿಂದೊಂದು ತೆಪ್ಪ ಕಟ್ಟಿ ಎಳ್ಕೊಂಡು ಹೋಗ್ಬೇಕು. ಮೊದಲ ನೂರು ಗಂಟೆ ತಪಾಸಣೆಗೆ ನಾನೂ ಇರ್ತೀನಿ. ಹಿಡಿದ ಮೀನು ಮಾದರಿ ಅಂತ ಕಚೇರಿಗೆ ಸೇರುತ್ತೆ. ಸರಿ ತಾನೆ?"

"ಹೂಂ."

ಅಧಿಕಾರಿಗಳು ಪ್ರತಿ ಹೂಂಕಾರದ ಮುಂದೆ ವೇಳೆ ಬರೆದು, 'ಅರ್ಜಿದಾರರು ಸಂತೋಷದಿಂದ ಸಮ್ಮತಿಸಿದ್ದಾರೆ' ಎಂದು ನಮೂದಿಸಿದರು. ಒಟ್ಟು ನಲವತ್ತೆರಡು ಸಮ್ಮತಿಗಳಾದವು. ಕಿವಿಯ ಹಿಂದಿನ ಕೂದಲು ಕೆರೆದು ಮುಗಿಸಿ, ಕನ್ನಡಿ ಹಿಡಿದು ತೋರಿಸುವಾಗಷ್ಟೇ ಹೂಂ ಅಣ್ಣನವರಿಗೆ ತಾವು ಏನನ್ನೋ ಒಪ್ಪಿಕೊಂಡಂತಿದೆ ಅನ್ನಿಸಿತು. ಅಷ್ಟರಲ್ಲಿ ಅಧಿಕಾರಿಗಳು ಅವರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಯಾಗಿತ್ತು.

ಗುರುವಾರ ದಡದಲ್ಲಿ ಸದ್ದಿನ ಪರೀಕ್ಷೆ ನಡೆಯಿತು. ಅಧಿಕಾರಿಗಳು ಮಾಪಕವನ್ನು ಮೋಟಾರಿನ ಹತ್ತಿರ ಹಿಡಿದರು, ಅಲುಗಿಸಿದರು, ಮತ್ತೆ ಹಿಡಿದರು. ಮುಳ್ಳು ಮೇಲೇಳಲಿಲ್ಲ.

"ಇದು ಸದ್ದು ಮಾಡ್ತಿಲ್ಲ."

"ಹೌದು ಸಾರ್, ಅದೇ ಇದರ ವಿಶೇಷ," ಅಂದ ಬಾಮೈದ. "ಪೆಟ್ರೋಲಿನದ್ದಾದ್ರೆ ಅರ್ಧ ಊರು ಎದ್ದು ಕೂರುತ್ತೆ."

"ಪೆಟ್ರೋಲಿನದ್ದಾಗಿದ್ರೆ ಒಳ್ಳೇದಿತ್ತು. ಈ ಫಾರಮ್ಮಿನಲ್ಲಿ ಸದ್ದಿನ ಪ್ರಮಾಣ ಬರೀಬೇಕು. ಸೊನ್ನೆ ಬರೆದ್ರೆ ಯಂತ್ರ ನಿಂತಿದೆ ಅಂತ ಅರ್ಥ. ನಿಂತ ಯಂತ್ರವನ್ನ ಪರೀಕ್ಷೆ ಮಾಡೋ ಹಾಗಿಲ್ಲ. ಪರೀಕ್ಷೆ ಆಗದ ಯಂತ್ರ ಓಡೋ ಹಾಗಿಲ್ಲ."

"ಓಡ್ತಾ ಇದೆಯಲ್ಲ ಸಾರ್."

"ಓಡ್ತಿದ್ರೆ ಅಪರಾಧ."

ಆಮೇಲೆ ಅಧಿಕಾರಿಗಳು ಮಾಪಕವನ್ನು ನೋಡಿಕೊಂಡಾಗ ಮುಳ್ಳು ಅರವತ್ತರ ಮೇಲೆ ನಿಂತಿತ್ತು. ಬಾಮೈದ ತನ್ನ ಪಾಡಿಗೆ ತಾನು, ಹಿಂದೊಮ್ಮೆ ಹಿಟ್ಟಿನ ಗಿರಣಿಯ ಮೋಟಾರು ಸುಟ್ಟಾಗ ತಾನೇನು ಮಾಡಿದೆನೆಂದು ಹೇಳುತ್ತಿದ್ದ. ಅಧಿಕಾರಿಗಳ ಮುಖ ಅರಳಿತು. ಮರುದಿನ ಕಚೇರಿಯ ಫಲಕದ ಮೇಲೆ ಈ ಪ್ರಕಟಣೆ ಅಂಟಿತು:

'ಸದ್ದಿಲ್ಲದ ನೌಕೆಗಳು ಸಾರ್ವಜನಿಕರಿಗೂ ಬಾತುಕೋಳಿಗಳಿಗೂ ಅರಿವಿಗೆ ಬಾರದೆ ಸಮೀಪಿಸುವ ಅಪಾಯವಿರುವುದರಿಂದ, ಅಂಥ ನೌಕೆಗಳು ಸಂಚಾರದ ಉದ್ದಕ್ಕೂ ಅರವತ್ತು ಡೆಸಿಬಲ್ಲಿಗೆ ಕಡಿಮೆಯಿಲ್ಲದ ಮಾನವ ಸಂಭಾಷಣೆಯನ್ನು ಹೊಂದಿರತಕ್ಕದ್ದು. ಸಂಭಾಷಣೆಯು ಮೂರು ನಿಮಿಷ ನಿಂತಲ್ಲಿ ಯಂತ್ರವು ಕೆಟ್ಟಿದೆಯೆಂದು ಭಾವಿಸಲಾಗುವುದು. ಸಂಭಾಷಣೆಯ ವಿಷಯ ಸಿಬ್ಬಂದಿಯ ವಿವೇಚನೆಗೆ ಬಿಟ್ಟದ್ದು.'

ಹೂಂ ಅಣ್ಣ ಇದನ್ನು ಎರಡು ಸಲ ಓದಿದರು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು.

ಭಾನುವಾರ ನೌಕೆ ಹೊರಟಿತು. ಮುಂದೆ ಕಯಾಕಿನಲ್ಲಿ ಕಪ್ತಾನರಾದ ಹೂಂ ಅಣ್ಣ. ಹಿಂದೆ ಹಗ್ಗ ಕಟ್ಟಿದ ತೆಪ್ಪದ ಮೇಲೆ ಮುಖ್ಯ ಎಂಜಿನಿಯರಾಗಿ ಬಾಮೈದ, ತಪಾಸಣಾಧಿಕಾರಿಗಳು, ಮತ್ತು ದೂರವೀಕ್ಷಕರ ಹುದ್ದೆಗೆ ಮೂತ್ರಕೋಶದ ಕಲ್ಲಿನವರು. ಬಾಮೈದನ ಗಂಟಲು ಹನ್ನೊಂದು ಗಂಟೆಗೆ ಕಟ್ಟಿಕೊಂಡಿತು. ದೂರವೀಕ್ಷಕರು ಮಾತು ಮುಂದುವರಿಸಿ ಯಂತ್ರವನ್ನು ಕಾಪಾಡಿದರು. ಮೋಟಾರು ಪಾಪ, ತನ್ನ ಶಕ್ತಿ ಮೀರಿ ತಿರುಗಿತು. ತೆಪ್ಪದ ಭಾರಕ್ಕೆ ನೌಕೆ ದಡದಿಂದ ನಲವತ್ತು ಮೊಳ ಹೋಗಿ ಅಲ್ಲೇ ನಿಂತಿತು. 'ವೇಗ ಸೊನ್ನೆ, ಆದ್ದರಿಂದ ಅತ್ಯಂತ ಸುರಕ್ಷಿತ' ಎಂದು ಅಧಿಕಾರಿಗಳು ಬರೆದುಕೊಂಡರು. ಆ ಗಲಾಟೆಯಲ್ಲೂ ದಾರಿ ತಪ್ಪಿ ಬಂದ ಎರಡು ಮೀನು ಸಿಕ್ಕವು. ಅವನ್ನು ಮಾದರಿಯೆಂದು ಕಚೇರಿಗೆ ಒಯ್ದು ಪರೀಕ್ಷಿಸಲಾಯಿತು. ಉಪ್ಪು ಸ್ವಲ್ಪ ಮುಂದಾಗಿತ್ತೆಂದು ವರದಿ ಬಂದಿದೆ.

ನಿಂತ ನೌಕೆಯ ಮೇಲೆ ಸುಮ್ಮನೆ ಕೂರುವುದೇಕೆಂದು ಮುಂದಿನ ವಾರ ಅಧಿಕಾರಿಗಳು ಹೂಂ ಅಣ್ಣನವರನ್ನು ತೆಪ್ಪಕ್ಕೆ ಹತ್ತಿಸಿಕೊಂಡು ಕಿವಿಯ ಮುಂದಿನ ತಮ್ಮ ಕೃತಾವನ್ನು ಅಲ್ಲೇ ಸರಿಮಾಡಿಸಿಕೊಂಡರು. ಅದನ್ನು ದಡದಿಂದ ಕಂಡವರಿಗೆ ಆಸೆಯಾಯಿತು. ಮಾತಾಡುವುದೇ ಕರ್ತವ್ಯವಾಗಿರುವ ಜಾಗದಲ್ಲಿ ತಲೆಯನ್ನೂ ಕೊಡಬಹುದೆಂದರೆ ಯಾರು ಬಿಟ್ಟಾರು? ಮಾತಾಡಲೆಂದೇ ಇರುವ ಧ್ವನಿ ಸಿಬ್ಬಂದಿಯ ಹುದ್ದೆಗೆ ಅರ್ಜಿಗಳು ರಾಶಿ ಬಿದ್ದವು. ತೆಪ್ಪ ದೊಡ್ಡದಾಯಿತು, ಅದರ ಮೇಲೆ ಬೆಂಚು ಬಂತು, ಕನ್ನಡಿ ಬಂತು. ಕಾಂಪೌಂಡಿನ ವ್ಯಾಜ್ಯದವರೂ ಅವರ ಪಕ್ಕದ ಮನೆಯವರೂ ಒಂದೇ ಪಾಳಿಗೆ ಬಿದ್ದ ದಿನ ಮಾಪಕದ ಮುಳ್ಳು ಮುರಿದು, ನೌಕೆಗೆ ಪ್ರಶಂಸಾಪತ್ರ ದೊರೆಯಿತು. ಹೂಂ ಅಣ್ಣ ಕಪ್ತಾನರ ಟೋಪಿ ಹಾಕಿಕೊಂಡು, ನೋಯುವ ಭುಜ ಎತ್ತಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತರಿ ಆಡಿಸಿದರು. ಆಚೆ ದಡದ ಜೊಂಡು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

ಒಮ್ಮೆ ಧೈರ್ಯ ಮಾಡಿ ಅವರು ಕಚೇರಿಗೆ ಹೋದರು.

"ಸಾರ್, ಮೋಟಾರು ಬಿಚ್ಚಿಬಿಡ್ತೀನಿ. ನನಗೆ ಬೇಡ."

"ಧಾರಾಳವಾಗಿ ಬಿಚ್ಚಿ," ಅಂದರು ಅಧಿಕಾರಿಗಳು. "ಆದ್ರೆ ಯಂತ್ರ ಬಿಚ್ಚೋ ಅಧಿಕೃತ ಕಟ್ಟೆ ಇರೋದು ಆಚೆ ದಡದಲ್ಲಿ. ನೌಕೆ ಸ್ವಂತ ಶಕ್ತಿಯಿಂದ ಅಲ್ಲಿಗೆ ಬರ್ಬೇಕು. ಪೂರ್ಣ ಸಿಬ್ಬಂದಿ ಸಮೇತ."

"ಹೂಂ," ಅಂದರು ಹೂಂ ಅಣ್ಣ. ಅಧಿಕಾರಿಗಳು ವೇಳೆ ಬರೆದುಕೊಂಡರು.

ಆ ದಿನ ಮನೆಯಲ್ಲಿ ಅವರು ಊಟದ ತಟ್ಟೆ ಮುಟ್ಟಲಿಲ್ಲ. ಹೆಂಡತಿ ಸ್ವಲ್ಪ ಹೊತ್ತು ನೋಡಿದಳು.

"ರೀ, ಇಡೀ ಊರು ಭಾನುವಾರ ನೀರಿನ ಮೇಲೇ ತಲೆ ಕೊಟ್ಟು ಬರುತ್ತೆ. ವಾರ ಪೂರ್ತಿ ಅಂಗಡಿಗೆ ಯಾರು ಬರ್ತಾರೆ?"

"ಯಾರೂ ಬರಲ್ಲ."

"ಮತ್ತೆ ಅಲ್ಲಿ ಮಾತಾಡೋರು ಯಾರು?"

ಹೂಂ ಅಣ್ಣನವರ ಕೈ ತಟ್ಟೆಯ ಕಡೆ ಹೋಯಿತು.

ಬುಧವಾರ ಮಧ್ಯಾಹ್ನ ತಪಾಸಣಾಧಿಕಾರಿಗಳು ಪೇಟೆಬೀದಿಯಲ್ಲಿ ಹೋಗುತ್ತಿರುವಾಗ ಕಟಿಂಗ್ ಶಾಪಿನ ಬಾಗಿಲು ಅರ್ಧ ಮುಚ್ಚಿರುವುದನ್ನು ಕಂಡು ಒಳಗೆ ಬಂದರು. ಹೂಂ ಅಣ್ಣ ಗಿರಾಕಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಹಳೆಯ ಹುಟ್ಟು ಪಕ್ಕದಲ್ಲಿ ಒರಗಿತ್ತು. ಕೈಯಲ್ಲಿದ್ದ ಗಾಳದ ದಾರ ಗುಡಿಸದೆ ಬಿಟ್ಟ ಹಳೆಯ ಕೂದಲಿನ ನಡುವೆ ನೆಲಕ್ಕೆ ಇಳಿದಿತ್ತು. ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಏನ್ ಮಾಡ್ತಿದ್ದೀರಿ?"

"ಮೀನು ಹಿಡೀತಿದ್ದೀನಿ ಸಾರ್."

ಅಧಿಕಾರಿಗಳು ಕುರ್ಚಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಗ್ಗಿ ಕುರ್ಚಿಯ ಅಡಿಯನ್ನು ನೋಡಿದರು, ಹಿಂಬದಿಯನ್ನು ಕೈಯಿಂದ ಸವರಿ ನೋಡಿದರು. ಪುಸ್ತಕ ತೆಗೆದು ನಾಲ್ಕನೇ ಕಲಮನ್ನು ಬೆರಳಿಟ್ಟು ಓದಿಕೊಂಡರು.

"ಮೋಟಾರಿಲ್ಲ. ತೇಲುವ ವಸ್ತು. ಪರವಾನಗಿ ಬೇಕಿಲ್ಲ," ಎಂದು ಬರೆದು ಸಹಿ ಹಾಕಿದರು. ಹೊರಡಲು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ಬೆಳಗಿನಿಂದ ಎಷ್ಟು ಜನರೊಡನೆ ಮಾತಾಡಿದ್ದರೋ ಏನೋ, ದನಿ ಬಿದ್ದುಹೋಗಿತ್ತು.

"ಕಚ್ತಿದೆಯಾ?" ಎಂದು ಪಿಸುಗುಟ್ಟಿದರು.

"ಹೂಂ."

ಈ ಸಲ ಅಧಿಕಾರಿಗಳು ವೇಳೆ ಬರೆದುಕೊಳ್ಳಲಿಲ್ಲ. ಬೂಟು ಕಳಚಿ ಹೊರಗಿಟ್ಟರು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡರು, ಒದ್ದೆಯಾಗದಂತೆ ಹುಷಾರಾಗಿ ಹೆಜ್ಜೆಯಿಟ್ಟು ಬಂದು ಇನ್ನೊಂದು ಕುರ್ಚಿಯನ್ನು ಹತ್ತಿ ಕೂತರು.