ಹನ್ನೊಂದು ಕರಿ ಕೋಟು, ಒಂದು ಸ್ವಿಚ್ಚು

ನಾನು ಕಂಪ್ಯೂಟರ್ ಮುಟ್ಟಲ್ಲ! ಇದು ನನ್ನ ಶಪಥ. ಎಡಗೈಯಲ್ಲಿ ಯಾರದೋ ಪ್ಯಾಂಟು, ಬಲಗೈಯಲ್ಲಿ ಕೆಂಡದಂಥ ಇಸ್ತ್ರಿ ಪೆಟ್ಟಿಗೆ ಹಿಡಿದು ಮಾಡಿದ ಭೀಷಣ ಶಪಥ. ಕೇಳಿಸಿಕೊಂಡವರು ನಮ್ಮ ಯಜಮಾನರು ಒಬ್ಬರೇ.

ನಮ್ಮದು ಲಾಂಡ್ರಿ. ನಾನು ಇಸ್ತ್ರಿ, ಅವರು ಲೆಕ್ಕ. ಎರಡು ವರ್ಷದ ಹಿಂದೆ ಅವರು ಒಂದು ಕಂಪ್ಯೂಟರ್ ತಂದು ಮೂಲೆಯಲ್ಲಿ ಕೂರಿಸಿದ್ದರು. ಅಂದಿನಿಂದ ಗಿರಾಕಿಗೆ ಚೀಟಿ ಕೊಡೋದು ಬಂದ್. ಬಟ್ಟೆ ಗಂಟಿಗೆ ಒಂದು ನಂಬರು. ಆ ನಂಬರು ಯಾರದು ಅನ್ನೋದು ಕಂಪ್ಯೂಟರಿನ ಹೊಟ್ಟೆಯಲ್ಲಿ.

“ಬಾರೇ, ಹತ್ತು ನಿಮಿಷ ಕೂತ್ಕೋ. ಹೇಳಿಕೊಡ್ತೀನಿ.”

“ನೀವಿರೋವಾಗ ನನಗ್ಯಾಕ್ರೀ ಅದು?”

“ನಾನಿಲ್ಲದಾಗ?”

“ಎಲ್ಲಿಗೆ ಹೋಗ್ತೀರಿ? ಟೀ ಕುಡಿಯೋಕೆ ಹೋದ್ರೆ ಕಾಲು ಗಂಟೇಲಿ ವಾಪಸ್ ಬರ್ತೀರಿ. ಅಷ್ಟೊತ್ತು ಗಿರಾಕಿ ಕಾದರೆ ಸವೆದು ಹೋಗಲ್ಲ.”

ಅವರು ನಕ್ಕರು. ಟೀ ಕುಡಿಯೋಕೆ ಹೋದರು. ಕಾಲು ಗಂಟೇಲಿ ಬಂದರು. ಆ ದಿನ ಹಾಗೆ ಕಳೀತು.

ಮರುದಿನ ಬೆಳಗ್ಗೆ ಏಳಲಿಲ್ಲ. ಎಬ್ಬಿಸಿದೆ. ಬೈದೆ. ಏಳಲಿಲ್ಲ. ಅಷ್ಟೇ. ಅದರ ಬಗ್ಗೆ ಇಲ್ಲಿ ಬರೆಯಲ್ಲ. ಇದು ನಗೋ ಕಥೆ.

ಮೂರು ವಾರ ಬಾಗಿಲು ಹಾಕಿದ್ದ ಅಂಗಡಿ ತೆಗೆದೆ. ಕಪಾಟಿನ ತುಂಬ ನೂರಾ ಹನ್ನೆರಡು ಗಂಟು, ನೂರಾ ಹನ್ನೆರಡು ನಂಬರು. ಹೆಸರು ಒಂದೂ ಇಲ್ಲ! ಬಾಗಿಲು ತೆಗೆದು ಉಸಿರು ಬಿಡೋದರೊಳಗೆ ಒಬ್ಬ ತಾಯಿ ಬಂದಳು. ನಾಳೆ ಹತ್ತು ಗಂಟೆಗೆ ಮಗನ ಮದುವೆ. ಕೋಟು ಬೇಕು.

“ಯಾವ ಬಣ್ಣ?”

“ಕರಿ.”

ಕಪಾಟಿನಲ್ಲಿ ಕರಿ ಕೋಟು ಹನ್ನೊಂದು. ಹನ್ನೊಂದೂ ಒಂದೇ ತಾಯಿ ಮಕ್ಕಳ ಹಾಗೆ ತೂಗಾಡುತ್ತಿದ್ದವು. ನಾನು ಗತ್ತಿನಿಂದ ಒಂದನ್ನು ಇಳಿಸಿ ಕೊಟ್ಟೆ. ಇಪ್ಪತ್ತಾರು ವರ್ಷ ಇಸ್ತ್ರಿ ಮಾಡಿದ ಕೈ, ಬಟ್ಟೆ ಮುಟ್ಟಿದರೆ ಮೈ ಗೊತ್ತಾಗುತ್ತೆ ಅಂತ ಜಂಬ!

ಗಂಟೆ ಕಳೆಯೋದರೊಳಗೆ ಮದುಮಗನ ತಾಯಿ ಹಾಜರ್.

“ಏನಮ್ಮಾ ಇದು? ಇದರೊಳಗೆ ನನ್ನ ಮಗನೂ ಹಿಡಿಸ್ತಾನೆ, ಸೊಸೆಯೂ ಹಿಡಿಸ್ತಾಳೆ!”

“ಒಳ್ಳೇದೇ ಆಯ್ತಲ್ಲ.”

ಅವಳು ನಗಲಿಲ್ಲ. “ಸಂಜೆ ಬರ್ತೀನಿ. ನನ್ನ ಮಗನ ಕೋಟು ಸಿಗದಿದ್ರೆ ಇದೇ ಕಟ್ಟೆ ಮೇಲೆ ಕೂತ್ಕೋತೀನಿ. ನಿಮ್ಮ ಯಜಮಾನರಿದ್ದಾಗ ಒಂದು ಕರ್ಚೀಫು ತಪ್ಪಿರಲಿಲ್ಲ.”

ಆ ಮಾತು ಎದೆಗೆ ನಾಟಿತು. ಅವರು ಉಳಿಸಿ ಹೋಗಿದ್ದೇ ಆ ಮಾತು. ಅದನ್ನು ನಾನು ಒಂದೇ ದಿನಕ್ಕೆ ಕಳೆಯೋದಾ? ಶಪಥ ಗಿಪಥ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದೆ.

ಅವರ ಕುರ್ಚಿಯಲ್ಲಿ ಕೂರೋಕೆ ಮನಸ್ಸಾಗಲಿಲ್ಲ. ಅದಕ್ಕೆ ಕಂಪ್ಯೂಟರನ್ನೇ ಎತ್ತಿ ತಂದು ಇಸ್ತ್ರಿ ಮೇಜಿನ ಮೇಲಿಟ್ಟೆ. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕಿತ್ತು ಅಲ್ಲೇ ಇದರ ಪ್ಲಗ್ಗು ಚುಚ್ಚಿದೆ. ನನ್ನ ಅನಾಹುತವೆಲ್ಲ ಹುಟ್ಟಿದ್ದು ಈ ತೂತಿನಿಂದ! ಆಗ ಗೊತ್ತಾಗಲಿಲ್ಲ.

ಕಂಪ್ಯೂಟರಿನ ಪಕ್ಕಕ್ಕೆ ಅವರು ಸಹಾಯದ ಫೋನ್ ನಂಬರು ಅಂಟಿಸಿದ್ದರು. ಒತ್ತಿದೆ. ಒಬ್ಬ ಹೆಂಗಸು ಎತ್ತಿದಳು. ನನ್ನಷ್ಟೇ ವಯಸ್ಸಿರಬೇಕು, ದನಿಯಲ್ಲಿ ಸುಸ್ತಿತ್ತು.

“ಏನು ತೊಂದರೆ, ಅಕ್ಕಾ?”

“ಒಳಗಿರೋ ಹೆಸರು ಹೊರಗೆ ಬರಬೇಕು, ತಂಗಿ.”

“ಪರದೆ ಮೇಲೆ ಏನು ಕಾಣ್ತಿದೆ?”

“ನನ್ನ ಮುಖ. ಕಣ್ಣು ಊದಿದೆ.”

“ಅಕ್ಕಾ, ಮೊದಲು ಆನ್ ಮಾಡಿ.”

ಮಾಡಿದೆ. ನನ್ನ ಮುಖ ಹೋಗಿ ಬೆಳಕು ಬಂತು. ಅವಳು ಮೌಸ್ ಹಿಡಿದು ನಿಧಾನ ಸರಿಸಿ ಅಂದಳು. ನನಗೆ ಸರಿಸೋದು ಅಂದರೆ ಒಂದೇ ಥರ ಗೊತ್ತು. ಮೊಣಕೈ ಊರಿ, ಭಾರ ಹಾಕಿ, ಈ ತುದಿಯಿಂದ ಆ ತುದಿಗೆ ಎಳೆದೆ. ಸುಕ್ಕಿಲ್ಲದ ಹಾಗೆ!

“ಪರದೆ ಮೇಲಿನ ಬಾಣ ಎಲ್ಲಿದೆ ಈಗ?”

“ಓಡಿಹೋಯ್ತು.”

“ಇಸ್ತ್ರಿ ಮಾಡ್ತಿದ್ದೀರಾ ಅದನ್ನ?”

“ನಿನಗೆ ಹೇಗೆ ಗೊತ್ತಾಯ್ತು?”

ಹೇಗೋ ಅವಳು ಹೇಳಿದ ಕಡೆ ಒತ್ತಿದೆ. ಪರದೆ ನೀಲಿಯಾಯ್ತು. ಒಂದು ಅಂಕಿ ಬಂತು. ಅಕ್ಷರದಲ್ಲಿ ನಾನು ಮಂದ, ಅಂಕಿಯಲ್ಲಿ ಹುಲಿ.

“ಅದು ಮೂರು ವಾರ ಮಲಗಿತ್ತಲ್ಲ, ಹಳೇ ಪಟ್ಟಿಯನ್ನ ಸರಿಮಾಡ್ಕೋತಿದೆ. ನೂರು ಆಗೋತನಕ ಕಾಯಿರಿ. ಏನೇ ಆದ್ರೂ ಆರಿಸಬೇಡಿ.”

ಕಾದೆ. ಹತ್ತು. ಮೂವತ್ತು. ಎಪ್ಪತ್ತು. ಹಾಲು ಉಕ್ಕೋದನ್ನು ಕಾಯೋ ಹಾಗೆ ಕಣ್ಣು ಮಿಟುಕಿಸದೆ ಕಾದೆ. ತೊಂಬತ್ತೇಳು! ಅಷ್ಟರಲ್ಲಿ ಹಿಂದಿನಿಂದ ಸಂಗೀತದ ಮೇಷ್ಟ್ರು “ಅಮ್ಮಾ, ನನ್ನ ಅಂಗಿ” ಅಂದರು. “ಬಂದೆ” ಅಂತ ತಿರುಗಿದೆ.

ಪರದೆ ಕಪ್ಪಾಯ್ತು. ಮತ್ತೆ ನನ್ನ ಮುಖ!

ನಿಮಗೆ ಹೇಳಲೇಬೇಕು. ಅಂಗಡಿ ಹಾಕಿದ ಮೊದಲ ವರ್ಷ ಗಿರಾಕಿ ಜತೆ ಮಾತಾಡ್ತಾ ಒಬ್ಬ ಪೊಲೀಸಿನವರ ಪ್ಯಾಂಟು ಸುಟ್ಟಿದ್ದೆ. ಕೂರುವ ಜಾಗದಲ್ಲೇ! ಅಂದಿನಿಂದ ಮೇಜಿಗೆ ಬೆನ್ನು ತಿರುಗಿಸುವಾಗ ನನ್ನ ಎಡಗೈ ತಾನಾಗೇ ಹೋಗಿ ಇಸ್ತ್ರಿ ಪ್ಲಗ್ಗಿನ ಸ್ವಿಚ್ಚು ಆರಿಸುತ್ತೆ. ನನ್ನನ್ನು ಕೇಳಲ್ಲ.

“ಅಕ್ಕಾ, ಕರೆಂಟ್ ಹೋಯ್ತಾ?”

“ಹೂಂ. ನಮ್ಮ ಬೀದಿ ಕರೆಂಟು, ಏನು ಹೇಳೋದು.” ಸುಳ್ಳು. ನಾಚಿಕೆ ಆಗಿತ್ತು.

ಮತ್ತೆ ಒಂದರಿಂದ. ಅರವತ್ನಾಲ್ಕಕ್ಕೆ ಎದುರು ಮನೆಯವಳು ಕಿಟಕಿ ಪರದೆ ಕೇಳಿದಳು. ತಿರುಗಿದೆ. ಕಪ್ಪು! ಮತ್ತೆ ಒಂದರಿಂದ. ಎಂಬತ್ತೆಂಟಕ್ಕೆ ಅಂಚೆಯವರು ಬರೀ “ಹೇಗಿದ್ದೀರಮ್ಮಾ” ಅಂದರು. ತಿರುಗಿದೆ. ಕಪ್ಪು!

“ಅಕ್ಕಾ,” ಫೋನಿನ ತಂಗಿ ಮೆತ್ತಗೆ ಕೇಳಿದಳು, “ನಿಮ್ಮ ಬೀದಿಯ ಕರೆಂಟು ಗಿರಾಕಿ ಬಂದಾಗ ಮಾತ್ರ ಹೋಗುತ್ತಾ?”

ಸಿಕ್ಕಿಬಿದ್ದೆ. ಸ್ವಿಚ್ಚು, ಪೊಲೀಸಿನ ಪ್ಯಾಂಟು, ಎಡಗೈ, ಎಲ್ಲ ಒಪ್ಪಿಕೊಂಡೆ. ಬೈತಾಳೆ ಅಂದುಕೊಂಡೆ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಅಕ್ಕಾ, ಇನ್ನೊಂದು ಸಲ ಮಧ್ಯದಲ್ಲಿ ನಿಂತರೆ ಪಟ್ಟಿ ಪೂರ್ತಿ ಹೋಗಬಹುದು. ಬೇರೆ ಕಡೆ ಬರೆದಿಟ್ಟಿದ್ದೀರಾ?”

“ಇಲ್ಲ.”

“ನಿಮ್ಮ ಯಜಮಾನರಿಗೆ ನೆನಪಿರಬಹುದಾ? ಸ್ವಲ್ಪ ಕೇಳಿ ನೋಡಿ.”

“ಕೇಳಿದೆ. ಹೇಳ್ತಿಲ್ಲ.”

ಅವಳಿಗೆ ಅರ್ಥವಾಯ್ತು.

ಅವರ ಎರಡು ವರ್ಷದ ಬರವಣಿಗೆ, ಊರಿನವರ ನಂಬಿಕೆ, ಒಬ್ಬ ಮದುಮಗನ ಮಾನ, ಮೂರೂ ನನ್ನ ಎಡಗೈಯ ಹತ್ತಿರ ಇದ್ದವು. ಆ ಕೈಯನ್ನು ನಾನೇ ನಂಬಲ್ಲ! ಸ್ವಿಚ್ಚಿಗೆ ಬಟ್ಟೆ ಕಟ್ಟಲಾ ಅಂದರೆ ಕೈ ಬಟ್ಟೆಯ ಮೇಲೇ ಒತ್ತುತ್ತೆ. ಬಾಗಿಲು ಹಾಕಲಾ ಅಂದರೆ ಬಡಿಯುತ್ತಾರೆ, ಬಡಿದರೆ ತಿರುಗುತ್ತೇನೆ.

ಅಷ್ಟರಲ್ಲಿ ಮದುಮಗನ ತಾಯಿ ಬಂದೇಬಿಟ್ಟಳು. ಒಂದು ಕೈಯಲ್ಲಿ ಆ ದೊಡ್ಡ ಕೋಟು, ಇನ್ನೊಂದರಲ್ಲಿ ಚಾಪೆ.

“ಸಿಕ್ತಾ? ಸಿಕ್ತೇನಮ್ಮಾ? ಯಾವಾಗ ಸಿಗುತ್ತೆ? ಸಿಗುತ್ತೆ ತಾನೇ?”

ಫೋನಿನಿಂದ ದನಿ ಬಂತು. “ಅಕ್ಕಾ, ಬಂದವರ ಕೈಗೇ ನಿಮ್ಮ ಕೈ ಕೊಡಿ. ನೂರು ಆಗೋತನಕ ಬಿಡಬಾರದು ಅಂತ ಹೇಳಿ.”

ಹೇಳಿದೆ. ಫೋನು ಮೇಜಿನ ಮೇಲಿಟ್ಟು ಮತ್ತೆ ಆನ್ ಮಾಡಿದೆ. ಅವಳು ಚಾಪೆ ಎಸೆದು ನನ್ನ ಎರಡೂ ಮಣಿಕಟ್ಟು ಹಿಡಿದಳು. ಹಿಡಿತವೋ, ಬೇಡಿಯೋ! ಮೂರು ವಾರದಿಂದ ಯಾರೂ ನನ್ನ ಕೈ ಹಿಡಿದಿರಲಿಲ್ಲ. ಸಮಾಧಾನ ಹೇಳೋಕೆ ಬಂದವರೆಲ್ಲ ದೂರ ನಿಂತು ಹೇಳಿ ಹೋಗಿದ್ದರು.

ನಲವತ್ತು. ಎಪ್ಪತ್ತು. ತೊಂಬತ್ತು. “ಅಮ್ಮಾ, ನನ್ನ ಅಂಗಿ” ಅಂತ ಸಂಗೀತದ ಮೇಷ್ಟ್ರು ಮತ್ತೆ! ನನ್ನ ಎಡಗೈ ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡಿತು. ತಾಯಿ ಅದನ್ನು ಎದೆಗವಚಿಕೊಂಡು ಕೂಗಿದಳು.

“ಏ ಮೇಷ್ಟ್ರೇ! ಬಾಯಿ ಮುಚ್ಕೊಂಡು ನಿಂತ್ಕೊಳ್ರೀ! ಇಲ್ಲಿ ನನ್ನ ಮಗನ ಮದುವೆ ನಡೀತಿದೆ!”

ನೂರು.

ಪಟ್ಟಿ ತೆರೆಯಿತು. ಫೋನಿನ ತಂಗಿ, “ಗಟ್ಟಿಯಾಗಿ ಓದಿ ಅಕ್ಕಾ, ಸರಿಯಿದೆಯಾ ನೋಡೋಣ” ಅಂದಳು. ನಾನು ಅಕ್ಷರ ಕೂಡಿಸಿ ಓದೋಳು. ಓದಿ ಮುಗಿದ ಮೇಲೇ ಅರ್ಥ ಆಗೋದು. ಓದಿದೆ.

“ಎಪ್ಪತ್ತೆರಡು. ಅಪಸ್ವರ. ಬಿಳಿ ಅಂಗಿ ನಾಲ್ಕು.”

ಮೇಷ್ಟ್ರು ಕೆಮ್ಮಿದರು. ದೇವರೇ! ಯಜಮಾನರು ಯಾರ ಹೆಸರನ್ನೂ ಬರೆದಿರಲಿಲ್ಲ. ಎಲ್ಲರಿಗೂ ಅಡ್ಡಹೆಸರು ಇಟ್ಟಿದ್ದರು! ನಿಲ್ಲಿಸೋಣ ಅಂದರೆ ಬಾಯಿ ಮುಂದಿನ ಸಾಲಿಗೆ ಹೋಗಿತ್ತು.

“ಎಪ್ಪತ್ಮೂರು. ಏಳು ಸಲ ಕೇಳುವವಳು. ಮಗನ ಕರಿ ಕೋಟು. ಎಡಭುಜ ಇಳಿದಿದೆ.”

“ಎಡಭುಜ? ಅದು ನನ್ನ ಮಗನದೇ!” ತಾಯಿ ನನ್ನ ಕೈ ಬಿಟ್ಟಳು. “ಅಂದ್ರೆ ಅದು ನಾನಾ? ನಾನು ಏಳು ಸಲ ಕೇಳ್ತೀನಾ? ಎಲ್ಲಿ ಕೇಳಿದ್ದೀನಿ? ಯಾವಾಗ ಕೇಳಿದ್ದೀನಿ? ಹೇಳಿ, ಕೇಳಿದ್ದೀನಾ? ಮೇಷ್ಟ್ರೇ, ನೀವೇ ಹೇಳಿ, ಕೇಳ್ತೀನಾ?”

“ಆರಾಯ್ತು,” ಅಂದರು ಮೇಷ್ಟ್ರು.

ಮೊದಲು ನಕ್ಕವಳು ಅವಳೇ. ಎಪ್ಪತ್ಮೂರನೇ ಕೋಟು ಇಳಿಸಿಕೊಟ್ಟೆ. ಅಳತೆ ನೋಡಿ, ಎಡಭುಜ ಮುಟ್ಟಿ ನೋಡಿ, ಹೋದಳು. ಅಪಸ್ವರವೂ ಅಂಗಿ ಹಿಡಿದು ಹೋಯಿತು.

ಪರದೆಯ ಮೇಲೆ ಹೊಸದೊಂದು ಚೌಕ ಬಂದು ಕೂತಿತು. ಫೋನಿನ ತಂಗಿಗೆ ಹೇಳಿದೆ.

“ಅದೇನಿಲ್ಲ ಅಕ್ಕಾ. ವರ್ಷ ದಾಟಿದ ಗಂಟು ಇದ್ರೆ, ಕೊಟ್ಟಾಯ್ತಾ ಅಂತ ಆನ್ ಮಾಡಿದಾಗೆಲ್ಲ ಕೇಳುತ್ತೆ. ಯಾರದು ಅಂತ ಓದಿ.”

ಓದಿದೆ.

“ಮೂವತ್ತೊಂದು. ಗುಡುಗು. ಬೂದು ಸ್ವೆಟರ್. ಮೊಣಕೈ ನಾನೇ ಹೊಲಿದಿದ್ದೇನೆ. ಚೆನ್ನಾಗಿ ಬಂದಿಲ್ಲ. ಬೈಗುಳ ಕಮ್ಮಿ ಇರುವ ದಿನ ನೋಡಿ ಕೊಡಬೇಕು.”

ಮೂವತ್ತೊಂದನ್ನು ಇಳಿಸಿದೆ. ನನ್ನದೇ ಸ್ವೆಟರ್. ಹೋದ ವರ್ಷದ ಚಳಿಗಾಲದಲ್ಲಿ “ಅದನ್ನ ಯಾರಿಗೆ ದಾನ ಮಾಡಿದ್ರಿ” ಅಂತ ನಾನು ವಾರಗಟ್ಟಲೆ ಜಗಳ ತೆಗೆದಿದ್ದ ಸ್ವೆಟರ್. ಹೊಲಿಗೆ ನಿಜಕ್ಕೂ ಚೆನ್ನಾಗಿರಲಿಲ್ಲ. ಹೊಲಿಗೆಯೋ, ಕಾಲು ಮುರಿದ ಜರಿಹುಳವೋ!

ಒಂದು ವರ್ಷದ ಮೇಲಾಗಿದೆ. ಕಾದಿದ್ದಾರೆ. ಅಂಥ ದಿನ ಬಂದಿಲ್ಲ.

“ಅಕ್ಕಾ, ಕೇಳಿಸ್ತಿದೆಯಾ? ಆ ಗಿರಾಕಿ ಬಂದು ತಗೊಂಡ್ರಾ?”

“ಇಲ್ಲೇ ಇದ್ದಾಳೆ.”

“ಹಾಗಾದ್ರೆ ಕೊಟ್ಟುಬಿಡಿ. ‘ಹೌದು’ ಅನ್ನೋದರ ಮೇಲೆ ಒತ್ತಿ, ಸಾಲು ಅಳಿಸಿ ಹೋಗುತ್ತೆ. ನಾಳೆಯಿಂದ ಕೇಳಲ್ಲ.”

ಒತ್ತಲಿಲ್ಲ.

ಈಗಲೂ ದಿನಾ ಬೆಳಗ್ಗೆ ಅಂಗಡಿ ತೆಗೆದು, ಕಸ ಗುಡಿಸಿ, ಇಸ್ತ್ರಿ ಹಚ್ಚೋ ಮೊದಲು ಕಂಪ್ಯೂಟರ್ ಆನ್ ಮಾಡ್ತೀನಿ. ಚೌಕ ಬರುತ್ತೆ. ಗುಡುಗು, ಬೂದು ಸ್ವೆಟರ್, ಕೊಟ್ಟಾಯ್ತಾ ಅಂತ ಕೇಳುತ್ತೆ. ಅದನ್ನೇ ಮೈಮೇಲೆ ಹಾಕ್ಕೊಂಡು ಕೂತು, ‘ಇಲ್ಲ’ ಅಂತ ಒತ್ತುತ್ತೀನಿ.